ಒಂದು ಕೂದಲೂ ಕೊಂಕದ ಹಾಗೆ

ಅಷ್ಟೂ ಅನಾಹುತಕ್ಕೆ ಕಾರಣ ಒಂದೇ ಒಂದು ಮಾತು. ಆಡಿದವರು ಬೇಕರಿ ಯಜಮಾನರು, ಕೇಳಿಸಿಕೊಂಡವನು ಕತ್ರಿಯಣ್ಣ. ಅದೇ ಮಾತನ್ನು ಪಕ್ಕದ ಟೈಲರಿಗೋ, ಎದುರು ಮನೆಯ ಮೇಷ್ಟರಿಗೋ ಹೇಳಿದ್ದರೆ ಏನೂ ಆಗುತ್ತಿರಲಿಲ್ಲ. ಕ್ಷೌರದಂಗಡಿಯವನಿಗೆ ಹೇಳಿದ್ದೇ ತಪ್ಪಾಯಿತು.

ಕತ್ರಿಯಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಆದರೆ ಕೈಯಲ್ಲಿ ಕತ್ತರಿ ಇಲ್ಲದಾಗಲೂ ಅವನ ಎರಡು ಬೆರಳು ಗಾಳಿಯನ್ನೇ ಕಚಕಚ ಕತ್ತರಿಸುತ್ತಿರುತ್ತವೆ. ಹಾಗಾಗಿ ಬೀದಿಯವರು ಆ ಹೆಸರನ್ನು ಕತ್ತರಿಸಿ ಎಸೆದು ಇದನ್ನು ಇಟ್ಟಿದ್ದರು. ಅವನ ಅಂಗಡಿ ಹನ್ನೊಂದು ವರ್ಷದಿಂದ ಬೇಕರಿ ಯಜಮಾನರ ಕಟ್ಟಡದಲ್ಲಿದೆ. ಮುಂದೆ ಅಂಗಡಿ, ಹಿಂದೆ ತಗಡಿನ ಲಾಯ. ಲಾಯದಲ್ಲಿ ಯಜಮಾನರ ಬ್ರೆಡ್ಡಿನ ಗಾಡಿ ಎಳೆಯುವ ಕುದುರೆ. ಅದರ ಹೆಸರು ದೊರೆ.

ಅಂಗಡಿಯ ಅಗ್ರಿಮೆಂಟು ಆ ತಿಂಗಳಿಗೆ ಮುಗಿಯುತ್ತಿತ್ತು. ಆ ಜಾಗದ ಮೇಲೆ ಯಜಮಾನರ ಅಕ್ಕನ ಮಗ ಕಣ್ಣು ಹಾಕಿದ್ದ, ಅವನಿಗೆ ಮೊಬೈಲ್ ಅಂಗಡಿ ಇಡಬೇಕಂತೆ. "ಮುಂದುವರಿಸ್ತೀರಾ ಯಜಮಾನ್ರೇ?" ಎಂದು ಕತ್ರಿಯಣ್ಣ ಕೇಳಿದಾಗಲೆಲ್ಲ ಅವರು "ನೋಡೋಣ" ಅನ್ನುತ್ತಿದ್ದರು. ನೋಡೋಣ ಅಂದರೆ ಏನೆಂದು ಬಾಡಿಗೆಗೆ ಇದ್ದವರಿಗೇ ಗೊತ್ತು.

ಆವತ್ತು ಬೆಳಿಗ್ಗೆ ಬಾಯಿ ತೆಗೆದರೆ ಹೊಗೆ ಬರುವಂಥ ಚಳಿ. ಯಜಮಾನರು ಮಫ್ಲರ್ ಸುತ್ತಿಕೊಂಡು ಅಂಗಡಿ ಬಾಗಿಲಿಗೆ ಬಂದರು.

"ಕತ್ರೀ, ನಾನು ಪೇಟೆಗೆ ಹೊರಟೆ. ಸಂಜೆ ಬಸ್ಸಿಗೆ ಬರ್ತೀನಿ. ಬರ್ತಾ ಅಗ್ರಿಮೆಂಟ್ ಕಾಗದ ತರ್ತೀನಿ. ನಿನಗೋ ಅವನಿಗೋ, ಇವತ್ತು ತೀರ್ಮಾನ ಮಾಡಿಬಿಡೋಣ."

"ಆಗಲಿ ಯಜಮಾನ್ರೇ."

"ಇವತ್ತು ಗಾಡಿಗೆ ರಜ. ದೊರೇನ ಸ್ವಲ್ಪ ನೋಡ್ಕೋ. ಹುಲ್ಲಿನಜ್ಜಿ ಬರ್ತಾಳೆ, ಹುಲ್ಲು ಹಾಕಿಸು. ಚಳಿ ಶುರುವಾಯ್ತು, ಜೋಪಾನ. ಅವನ ಒಂದು ಕೂದಲೂ ಕೊಂಕಬಾರದು, ತಿಳೀತಾ?"

ತಿಳಿಯಿತು ಎಂದು ಕತ್ರಿಯಣ್ಣ ತಲೆಯಾಡಿಸಿದ. ಯಜಮಾನರು ಹೋದ ಮೇಲೆ ಲಾಯಕ್ಕೆ ಹೋಗಿ ದೊರೆಯನ್ನು ನೋಡಿದ.

ಲಾಯ ಅಂಗಡಿಯ ಹಿಂದೆಯೇ ಇದ್ದರೂ ಚಳಿಗಾಲದ ಕುದುರೆಯನ್ನು ಅವನು ಇಷ್ಟು ಹತ್ತಿರದಿಂದ ನೋಡಿಯೇ ಇರಲಿಲ್ಲ. ಮೈತುಂಬ ದಟ್ಟ ಕಂದು ಕೂದಲು. ಕತ್ತಿನ ಮೇಲಿನದು ಸುರುಳಿ, ಹೊಟ್ಟೆಯ ಕೆಳಗಿನದು ಜೋಲು, ಗದ್ದದಲ್ಲಿ ಗಡ್ಡ ಬೇರೆ. ಒಂದು ಕೂದಲೂ ಕೊಂಕಬಾರದು ಅಂದಿದ್ದಾರೆ, ಇಲ್ಲಿ ಕೊಂಕದೆ ನೆಟ್ಟಗಿರುವ ಕೂದಲು ಒಂದಾದರೂ ಬೇಡವೆ?

ಕತ್ರಿಯಣ್ಣ ಯೋಚಿಸಿದ. ಇಷ್ಟು ಜನರಿರುವ ಬೀದಿಯಲ್ಲಿ ಯಜಮಾನರು ತನಗೇ ಯಾಕೆ ಹೇಳಿದರು? ದೊಡ್ಡವರು ನೇರವಾಗಿ ಹೇಳುತ್ತಾರೆಯೆ? 'ಕಟಿಂಗ್ ಮಾಡು' ಎಂದು ಬಾಯಿಬಿಟ್ಟು ಹೇಳಿದರೆ ಕೂಲಿ ಕೊಡಬೇಕಾಗುತ್ತದಲ್ಲ! ಇದು ಪರೀಕ್ಷೆ. ಪಾಸಾದರೆ ಅಂಗಡಿ ತನ್ನದು.

ಮೊದಲು ಬಾಚಿ ನೋಡಿದ. ಬಾಚಣಿಗೆಯ ಮೂರು ಹಲ್ಲು ಹೋದವು. ಕತ್ತಿನ ಬಳಿ ಸ್ವಲ್ಪ ಲೆವೆಲ್ ಮಾಡೋಣ ಎಂದು ಮೆಷಿನ್ ತಂದ. ಎಡಗಡೆ ಒಂದು ಸುತ್ತು ಹೊಡೆದಾಗ ಬಲಗಡೆ ಜಾಸ್ತಿ ಕಂಡಿತು. ಬಲಗಡೆ ಹೊಡೆದಾಗ ಎಡಗಡೆ ಜಾಸ್ತಿ ಕಂಡಿತು. ಅಂಗಡಿಗೆ 'ಸ್ವಲ್ಪವೇ ತೆಗಿ' ಎಂದು ಬಂದು ಬೋಳಾಗಿ ಹೋದ ಎಲ್ಲರಿಗೂ ಈ ಲೆವೆಲ್ಲಿನ ಮಹಿಮೆ ಗೊತ್ತು. ದೊರೆ ಮಾತ್ರ ಕಣ್ಣು ಅರೆಮುಚ್ಚಿ ಸುಖವಾಗಿ ನಿಂತಿತ್ತು, ಅದರ ಜನ್ಮದಲ್ಲಿ ಯಾರೂ ಇಷ್ಟು ಹೊತ್ತು ಅದರ ಮೈ ನೇವರಿಸಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಜೂಲು, ಬಾಲ ಬಿಟ್ಟರೆ ದೊರೆಯ ಮೈಮೇಲೆ ಕೂದಲೇ ಇರಲಿಲ್ಲ. ಕೂದಲಿನ ಜೊತೆಗೆ ಕಂದು ಬಣ್ಣವೂ ಹೋಗಿ ಒಳಗಿನಿಂದ ಬೂದಿ ಬಣ್ಣ ಹೊರಬಿದ್ದಿತ್ತು. ಎಣ್ಣೆ ಹಚ್ಚಿದರೆ ಸರಿಹೋದೀತು ಎಂದುಕೊಂಡ.

ಅಷ್ಟರಲ್ಲಿ ಹುಲ್ಲಿನಜ್ಜಿ ತಲೆಮೇಲೆ ಹೊರೆ ಹೊತ್ತುಕೊಂಡು ಬಂದಳು. ನಲವತ್ತು ವರ್ಷದಿಂದ ಊರಿನ ದನ ಕುದುರೆಗಳಿಗೆಲ್ಲ ಮೇವು ಮಾರುವವಳು ಅವಳೇ.

"ಯಾರದೋ ಇದು ಕತ್ತೆ?"

"ಕತ್ತೆ ಅಲ್ಲ ಅಜ್ಜಿ, ದೊರೆ. ಕಟಿಂಗ್ ಮಾಡ್ದೆ."

ಅಜ್ಜಿಯ ತಲೆಯಿಂದ ಹೊರೆ ತಾನಾಗಿ ಕೆಳಗೆ ಬಿತ್ತು. "ಅಯ್ಯೋ ನಿನ್ನ ಕೈಗೆ ಬೆಂಕಿ ಹಾಕ! ಅದು ಚಳೀಗೆ ಅಂತ ದೇವರು ಹೆಣೆದು ಕೊಟ್ಟ ಸ್ವೆಟರ್ ಕಣೋ! ಈ ಚಳೀಲಿ ಬಿಚ್ಚಿ ಬಿಸಾಕಿದ್ದೀಯಲ್ಲ! ನೋಡು, ಮೈ ಹೇಗೆ ನಡುಗ್ತಾ ಇದೆ!"

ನಿಜ. ದೊರೆಯ ಮೈ ಅಲೆ ಅಲೆಯಾಗಿ ನಡುಗುತ್ತಿತ್ತು. ಅದು ಕತ್ರಿಯಣ್ಣನ ಕಡೆಗೆ ಕತ್ತು ಚಾಚಿ ತಣ್ಣನೆಯ ಮೂಗನ್ನು ಅವನ ಅಂಗಿಯೊಳಗೆ ತೂರಿಸಿತು. ಅವನಿಗೆ ಅಳುವೇ ಬಂತು. ಅಂಗಡಿ ಹೋಗುತ್ತದೆಂಬ ಭಯ ಒಂದು ಕಡೆ, ಪಾಪದ ಪ್ರಾಣಿ ತನ್ನನ್ನು ನಂಬಿ ನಿಂತಿತ್ತಲ್ಲ ಎಂಬ ನಾಚಿಕೆ ಇನ್ನೊಂದು ಕಡೆ. ಇರಲಾರದೆ ಇರುವೆ ಬಿಟ್ಟುಕೊಂಡಿದ್ದ.

"ಈಗೇನ್ ಮಾಡ್ಲಿ ಅಜ್ಜಿ?"

"ಹೊರಗಿಂದ ಹೊದಿಸಬೇಕು, ಒಳಗಿಂದ ತಿನ್ನಿಸಬೇಕು. ಕುದುರೆ ಹೊಟ್ಟೇಲಿ ಹುಲ್ಲು ಇದ್ರೆ ಒಲೆ ಉರಿದ ಹಾಗೆ, ಮೈ ಬೆಚ್ಚಗಿರುತ್ತೆ. ಒಲೆ ಆರೋಕೆ ಬಿಡಬೇಡ. ತಣ್ಣೀರು ಕೊಡಬೇಡ, ಬೆಚ್ಚಗೆ ಮಾಡಿ ಕೊಡು. ಗಾಳಿಗೆ ನಿಲ್ಲಿಸಬೇಡ. ಈ ಹುರುಳಿ ನೆನೆಸಿ ಬೇಯಿಸು."

ಅಜ್ಜಿಯ ಮಾತಿನಲ್ಲಿ ಹುರುಳಿತ್ತು, ಚೀಲದಲ್ಲಿ ಹುರುಳಿಯಿತ್ತು. ಎರಡನ್ನೂ ಕೊಟ್ಟು ಅವಳು ಅಲ್ಲೇ ಕುಳಿತಳು. ಇಂಥ ತಮಾಷೆ ಬಿಟ್ಟು ಯಾರು ಹೋಗುತ್ತಾರೆ?

ಬೆಚ್ಚಗಿನ ಜಾಗ ಅಂದರೆ ಬಿಸಿನೀರಿನ ಸ್ಟವ್ ಇದ್ದ ಅಂಗಡಿಯೇ. ಕತ್ರಿಯಣ್ಣ ದೊರೆಯನ್ನು ಮುಂಬಾಗಿಲಿನಿಂದ ಒಳಗೆ ಕರೆತಂದ. ಅಲ್ಲಿ ನಿವೃತ್ತ ಮೇಷ್ಟರು ಎಂದಿನಂತೆ ಪೇಪರು ಓದುತ್ತಿದ್ದರು. ಅವರ ತಲೆಯಲ್ಲಿ ಒಂದೇ ಒಂದು ಕೂದಲಿಲ್ಲ, ಆದರೂ ಕ್ಷೌರದಂಗಡಿಗೆ ದಿನಾ ತಪ್ಪದೆ ಬರುವವರು ಅವರೊಬ್ಬರೇ.

"ಚಳಿಗಾಲದಲ್ಲಿ ಬೋಳು ಅಂದ್ರೆ ಏನು ಕಷ್ಟ ಅಂತ ನನ್ನ ಕೇಳಯ್ಯ," ಎಂದು ಮೇಷ್ಟರು ಮರುಗಿ, ತಮ್ಮ ಉಣ್ಣೆ ಟೋಪಿ ತೆಗೆದು ದೊರೆಯ ಎರಡು ಕಿವಿಗಳ ನಡುವೆ ಕೂರಿಸಿದರು. ದೊರೆ ಎದುರಿನ ದೊಡ್ಡ ಕನ್ನಡಿಯಲ್ಲಿ ಟೋಪಿ ಹಾಕಿಕೊಂಡ ಇನ್ನೊಂದು ಕುದುರೆಯನ್ನು ಕಂಡು ಖುಷಿಯಿಂದ ಕೆನೆಯಿತು. ಕೆನೆತ ಕೇಳಿ ಪಕ್ಕದ ಟೈಲರ್ ಟೇಪು ಕೊರಳಿಗೆ ಹಾಕಿಕೊಂಡೇ ಓಡಿಬಂದ.

"ಒಂದು ಕೋಟು ಹೊಲಿದುಬಿಡ್ತೀನಿ ಕತ್ರಿಯಣ್ಣ. ಎದೆ ಎಪ್ಪತ್ತೆರಡು. ಸೊಂಟ... ಸೊಂಟ ಎಲ್ಲಿದೆ ಇದಕ್ಕೆ? ಗುಂಡಿ ಎಲ್ಲಿ ಇಡಲಿ?"

"ಹೊಟ್ಟೆ ಕೆಳಗಿಡಪ್ಪ, ಬೇಗ!"

ಬಟ್ಟೆಗೆಂದು ಕತ್ರಿಯಣ್ಣ ಮನೆಗೆ ಓಡಿ ಮಂಚದ ಮೇಲಿನ ದಪ್ಪ ಕಂಬಳಿ ಎಳೆದ. ಹೆಂಡತಿ ಇನ್ನೊಂದು ತುದಿ ಹಿಡಿದಳು.

"ರೀ, ಅದು ನಮ್ಮಮ್ಮ ಕೊಟ್ಟಿದ್ದು! ಯಾರಿಗೆ ತಗೊಂಡು ಹೋಗ್ತಿದ್ದೀರಿ?"

"ದೊರೆಗೆ."

ಅವಳು ಕಂಬಳಿಯ ತುದಿ ಬಿಡದೆ ಅಂಗಡಿಯವರೆಗೂ ಬಂದಳು. ನಡುಗುತ್ತಿದ್ದ ದೊರೆಯನ್ನು ಕಂಡು "ಅಯ್ಯೋ ಪಾಪ" ಅಂದು, ತಾನೇ ಕಂಬಳಿಯನ್ನು ಟೈಲರನ ಕೈಗೆ ಕೊಟ್ಟು ಗಂಡನನ್ನು ದುರುಗುಟ್ಟಿ ನೋಡಿದಳು. "ನಮ್ಮಣ್ಣನ ಮದುವೆ ದಿನ ಅವನ ಮೀಸೇನ ಹೀಗೇ ಲೆವೆಲ್ ಮಾಡಿದ್ರಿ," ಅಂದಳು. ಆ ಮೀಸೆಯ ವಿಷಯ ವರ್ಷಕ್ಕೆ ನಾಲ್ಕು ಸಲವಾದರೂ ಬರುತ್ತಿತ್ತು.

ಸುದ್ದಿ ಬೀದಿಗೆಲ್ಲ ಹಬ್ಬಿತು. ಒಲೆ ಆರಬಾರದು ಎಂದು ಅಜ್ಜಿ ಬಂದವರಿಗೆಲ್ಲ ಹೇಳಿದ್ದೇ ತಡ, ಒಬ್ಬರು ಕ್ಯಾರೆಟ್ ತಂದರು, ಒಬ್ಬರು ಬೆಲ್ಲ ತಂದರು, ಇನ್ನೊಬ್ಬರು ತಮ್ಮ ಹಸುವಿನ ಪಾಲಿನ ಹುಲ್ಲನ್ನೇ ತಂದರು. ದೊರೆ ಯಾರ ಮನಸ್ಸನ್ನೂ ನೋಯಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೋಟು ಸಿದ್ಧವಾಗಿ, ಗುಂಡಿ ಹಾಕಿದ ಮೇಲೆ ದೊರೆಯ ನಡುಕ ನಿಂತಿತು. ನಾಲ್ಕು ಗಂಟೆಗೆ ಗುಂಡಿಗಳು ಬಿಗಿಯಾಗತೊಡಗಿದವು.

ಉಳಿದಿದ್ದು ಎರಡು ಚೀಲ ಕಂದು ಕೂದಲು. ಸಾಕ್ಷಿಯನ್ನು ಬಚ್ಚಿಡಬೇಕಲ್ಲ! ಕಟಿಂಗ್ ಕುರ್ಚಿಯ ಸೀಟು ಚಪ್ಪಟೆಯಾಗಿ ವರ್ಷವಾಗಿತ್ತು. ಹೆಂಡತಿ ಅದರೊಳಗೆ ಅಷ್ಟನ್ನೂ ತುಂಬಿದಳು, ಟೈಲರ್ ಬಾಯಿ ಹೊಲಿದ. ಉಪಾಯವೂ ತಯಾರಾಯಿತು. ಯಜಮಾನರಿಗೆ ಕಣ್ಣು ಮಂಜು, ಎದುರಿಗೆ ಬಂದವರನ್ನು ಕೆಮ್ಮಿನಿಂದ ಗುರುತು ಹಿಡಿಯುವವರು. ಮುಸ್ಸಂಜೆಯಲ್ಲಿ, ಅಂಗಡಿಯ ಮೂಲೆಗೆ ಕಟ್ಟಿದ ಪರದೆಯ ಹಿಂದೆ, ಕೋಟು ಹಾಕಿದ ಕುದುರೆಯಲ್ಲಿ ಅವರಿಗೇನು ಕಾಣಬೇಕು? ಕಾಗದಕ್ಕೆ ಸಹಿ ಬಿದ್ದರೆ ಗೆದ್ದ ಹಾಗೆ.

"ಕಣ್ಣು ಕಾಣಲ್ಲ ಬಿಡಯ್ಯ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮುಗಿಯುತ್ತೆ," ಎಂದರು ಮೇಷ್ಟರು. ಆಮೇಲೆ ಪೇಪರು ಮಡಚುತ್ತ, "ಅಂದಹಾಗೆ, ಅವರು ಪೇಟೆಗೆ ಹೋಗಿದ್ದು ಹೊಸ ಕನ್ನಡಕ ತರೋಕೆ ಅಲ್ವೇ?" ಎಂದರು.

ಅಷ್ಟರಲ್ಲೇ ಬಸ್ಸಿನ ಹಾರ್ನ್ ಕೇಳಿಸಿತು.

ಯಜಮಾನರು ಬಂದರು. ಮೂಗಿನ ಮೇಲೆ ಫಳಫಳ ಹೊಳೆಯುವ ಕನ್ನಡಕ. ಒಳಗೆ ಬಂದವರೇ ಗೋಡೆಯ ಬಿರುಕು ನೋಡಿದರು, ಮೂಲೆಯ ಜೇಡರ ಬಲೆ ನೋಡಿದರು. "ಮೇಷ್ಟ್ರೇ, ನಿಮಗೆ ಇಷ್ಟೊಂದು ವಯಸ್ಸಾಯ್ತೇ?" ಎಂದು ಮರುಕದಿಂದ ಕೇಳಿದರು. ಆಮೇಲೆ ಕಟಿಂಗ್ ಕುರ್ಚಿಯಲ್ಲಿ ಕುಳಿತು, "ಆಹಾ, ಸೀಟು ಎಷ್ಟು ಮೆತ್ತಗಿದೆಯೋ!" ಎಂದು ಅಗ್ರಿಮೆಂಟು ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು.

"ಮೂರು ವರ್ಷಕ್ಕೆ ನಿನಗೇ ಬರೆಸಿದ್ದೀನಿ. ಅಕ್ಕನ ಮಗ ಮುನಿಸ್ಕೊಂಡರೆ ಮುನಿಸ್ಕೊಳ್ಳಲಿ."

ಪೆನ್ನು ಕಾಗದಕ್ಕೆ ಇನ್ನೇನು ತಾಗಬೇಕು, ಪರದೆಯ ಹಿಂದೆ ಟಪ್ ಎಂದಿತು. ಹೊಟ್ಟೆಯ ಗುಂಡಿ. ಅದರ ಹಿಂದೆಯೇ ಎರಡನೆಯದು, ಮೂರನೆಯದು. ಕನ್ನಡಿಯೊಳಗಿನ ಗೆಳೆಯನನ್ನು ನೋಡಲು ದೊರೆ ಪರದೆ ಸರಿಸಿಕೊಂಡು ಮುಂದೆ ಬಂತು. ಕೋಟು ಜಾರಿ ಬಿತ್ತು.

ಯಜಮಾನರು ಅದನ್ನು ಮೇಲಿನಿಂದ ಕೆಳಗೆ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಕತ್ರಿಯಣ್ಣ ಕಣ್ಣು ಮುಚ್ಚಿಕೊಂಡ.

"ಯಾರದಯ್ಯಾ ಇದು ಕುದುರೆ?"

ಕತ್ರಿಯಣ್ಣ ಕಣ್ಣು ಬಿಟ್ಟ.

"ನನ್ನ ದೊರೆ ಎಲ್ಲಿ?"

"ಯಜಮಾನ್ರೇ, ಇದೇ... ಇದೇ ದೊರೆ."

"ನನಗೇ ಹೇಳ್ತೀಯಾ? ನನ್ನ ದೊರೆ ಕಂದು. ಮೈತುಂಬ ಕೂದಲು. ಇದು ಬೂದಿ ಬಣ್ಣದ ಬೋಳು ಕುದುರೆ. ಈಗ ಕಣ್ಣು ಕಾಣುತ್ತಯ್ಯ ನನಗೆ! ನೋಡೇಬಿಡೋಣ. ನನ್ನ ದೊರೆ ಬನ್ ಕಂಡರೆ ಬಿಟ್ಟವನೇ ಅಲ್ಲ." ಜೇಬಿನಿಂದ ಬನ್ ತೆಗೆದು ಅದರ ಮೂಗಿಗೆ ಹಿಡಿದರು.

ಬೆಳಗಿನಿಂದ ಬೀದಿಯ ಮೇವನ್ನೆಲ್ಲ ತಿಂದಿದ್ದ ದೊರೆ ಬನ್ನು ಮೂಸಿ, ತೇಗಿದಂತೆ ಉಸಿರು ಬಿಟ್ಟು ಮುಖ ತಿರುಗಿಸಿತು.

"ನೋಡಿದ್ರಾ! ನನ್ನ ಕುದುರೇನ ಮಾರಿ, ಯಾವುದೋ ರೋಗದ ಕುದುರೆ ತಂದು ಕಟ್ಟಿದ್ದಾನೆ! ಪೊಲೀಸರನ್ನ ಕರೀರಿ!"

"ಮೇಷ್ಟ್ರೇ, ನೀವಾದ್ರೂ ಹೇಳಿ," ಎಂದು ಕತ್ರಿಯಣ್ಣ ಅಂಗಲಾಚಿದ.

ಜನ್ಮದಲ್ಲಿ ಸುಳ್ಳು ಹೇಳದ ಮೇಷ್ಟರು ಎದ್ದು ನಿಂತು, "ಬೆಳಿಗ್ಗೆ ಏಳು ಗಂಟೆಗೆ ಲಾಯದಲ್ಲಿ ಕಂದು ಕುದುರೆ ಇದ್ದದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ," ಎಂದರು.

"ನಾನು ಬಂದಾಗ ಕತ್ತೆ ಅಂದ್ಕೊಂಡೆ," ಎಂದು ಅಜ್ಜಿ ತನ್ನದೂ ಒಂದು ಸೇರಿಸಿದಳು.

ಬಾಯಿ ಬಿಟ್ಟರೆ ಬಣ್ಣಗೇಡು, ಬಿಡದಿದ್ದರೆ ಪೊಲೀಸ್ ಠಾಣೆ. ಇಡೀ ದಿನ ಯಾವುದನ್ನು ಮುಚ್ಚಿಡಲು ಒದ್ದಾಡಿದನೋ ಅದನ್ನು ತಾನೇ ತೋರಿಸದೆ ಬೇರೆ ದಾರಿ ಇರಲಿಲ್ಲ. "ಸ್ವಲ್ಪ ಏಳಿ ಯಜಮಾನ್ರೇ," ಎಂದು ಕತ್ರಿಯಣ್ಣ ಅವರನ್ನು ಎಬ್ಬಿಸಿ, ಸೀಟಿನ ಹೊಲಿಗೆಗೆ ಕತ್ತರಿ ಹಾಕಿದ. ಕಂದು ಕೂದಲು ಬುಸ್ಸೆಂದು ಹೊರಗೆ ಬಂತು.

ಯಜಮಾನರು ಒಂದು ಹಿಡಿ ತೆಗೆದುಕೊಂಡು ಮೂಸಿದರು. ಹೊಸ ಕನ್ನಡಕ ಮಂಜಾಯಿತು. "ದೊರೇ..." ಎಂದು ಕೂದಲಿಗೇ ಹೇಳಿದರು. ಆಮೇಲೆ ತಿರುಗಿದರು. "ಒಂದು ಕೂದಲೂ ಕೊಂಕಬಾರದು ಅಂತ ಹೇಳಿ ಹೋಗಿದ್ನಲ್ಲೋ!"

"ಒಂದೂ ಕೊಂಕಿಲ್ಲ ಯಜಮಾನ್ರೇ," ಎಂದ ಕತ್ರಿಯಣ್ಣ ಮೆಲ್ಲಗೆ. "ಕೊಂಕೋಕೆ ಒಂದೂ ಉಳಿದಿಲ್ಲ."

ಟೈಲರ್ ಮುಖ ಆಚೆ ತಿರುಗಿಸಿ ಕೆಮ್ಮಿದ. ಯಜಮಾನರು ನಗಲಿಲ್ಲ. ಪೆನ್ನು ಎತ್ತಿಕೊಂಡು, ಅಗ್ರಿಮೆಂಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು ಬರೆದು ಸಹಿ ಹಾಕಿದರು.

"ಆಡಿದ ಮಾತಿಗೆ ತಪ್ಪಲ್ಲ. ಅಂಗಡಿ ನಿನಗೇ, ಮೂರು ವರ್ಷ. ಆದರೆ ಬೋಳು ಮೈಲಿ ಅವನು ಲಾಯದಲ್ಲಿ ಇರೋಕಾಗಲ್ಲ. ಅವನ ಕೂದಲು ಮೊದಲಿನ ಹಾಗೆ ಆಗೋವರೆಗೂ ಅವನು ಅಂಗಡೀಲಿ, ನೀನು ಲಾಯದಲ್ಲಿ. ಹುಲ್ಲು, ಹುರುಳಿ, ಬಿಸಿನೀರು, ಹೊದಿಕೆ ಎಲ್ಲ ನಿನ್ನ ಜವಾಬ್ದಾರಿ. ಒಪ್ಪಿಗೆ ಇದ್ರೆ ಸಹಿ ಹಾಕು."

ಕತ್ರಿಯಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕೂದಲಿನ ಲೆಕ್ಕದಲ್ಲಿ ಅವನನ್ನು ಮೀರಿಸುವವರಿಲ್ಲ. ತಿಂಗಳಿಗೆ ಅರ್ಧ ಇಂಚು, ಒಂದೂವರೆ ಇಂಚಿಗೆ ಮೂರು ತಿಂಗಳು. ಮೂರು ತಿಂಗಳು ತಾನೆ, ಹೇಗೋ ಲಾಯದಲ್ಲಿ ಕಳೆದರಾಯಿತು. ಸಂತೋಷದಿಂದ ಸಹಿ ಹಾಕಿದ. ಯಜಮಾನರು ಒಂದು ಹಿಡಿ ಕೂದಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೊರಟರು. ಲಾಯಕ್ಕೆ ಒಯ್ಯೋಣ ಎಂದು ಕತ್ರಿಯಣ್ಣ ಕನ್ನಡಿ ಬಿಚ್ಚಲು ಹೋದಾಗ ದೊರೆ ಕಾಲು ಅಪ್ಪಳಿಸಿತು. "ಕನ್ನಡಿ ಅಲ್ಲೇ ಇರಲಿ," ಎಂದು ಯಜಮಾನರು ಹೊರಗಿನಿಂದಲೇ ಕೂಗಿದರು. ಮೇಷ್ಟರು ಪೇಪರು ಬಿಚ್ಚಿಕೊಂಡು, ಬೆಚ್ಚಗಿದೆ ಎಂದು ದೊರೆಯ ಪಕ್ಕದಲ್ಲೇ ಕುಳಿತರು.

"ಮೂರೇ ತಿಂಗಳು ಅಜ್ಜಿ," ಎಂದ ಕತ್ರಿಯಣ್ಣ ಸೀಟು ಬಿಚ್ಚಿದ ಕುರ್ಚಿಯನ್ನು ಲಾಯಕ್ಕೆ ಎಳೆಯುತ್ತ.

ಅಜ್ಜಿ ಖಾಲಿ ಚೀಲ ಮಡಚುತ್ತ ಅವನನ್ನು ಕನಿಕರದಿಂದ ನೋಡಿದಳು. "ಇನ್ನು ಮೂರು ತಿಂಗಳಿಗೆ ಬಿಸಿಲು ಬರುತ್ತೆ ಮಗನೇ. ಬಿಸಿಲು ಬಂದ್ರೆ ಕುದುರೆ ಚಳಿಗೂದಲನ್ನೆಲ್ಲ ಉದುರಿಸಿಬಿಡುತ್ತೆ. ಮೊದಲಿನ ಹಾಗೆ ಆಗೋದು ಮುಂದಿನ ಚಳಿಗಾಲಕ್ಕೇ."

"ಉದುರಿಸುತ್ತಾ? ಎಲ್ಲಾನೂ? ತಾನಾಗಿ?"

"ಪ್ರತಿ ವರ್ಷ. ಒಂದೂ ಬಿಡದ ಹಾಗೆ."

ಕತ್ರಿಯಣ್ಣನ ಎರಡು ಬೆರಳು ಗಾಳಿ ಕತ್ತರಿಸುವುದನ್ನು ನಿಲ್ಲಿಸಿದವು.