ಹುಲ್ಲಿನ ಬಣವೆಯ ಹಿಂದಿನ ಸೋದರಮಾವ

ದಿನಚರಿ ಬರೆಯುವವರಿಗೆ ನೆನಪಿನ ಶಕ್ತಿ ಜಾಸ್ತಿ ಎಂದು ಜನ ನಂಬಿದ್ದಾರೆ. ನೆನಪಿನ ಮೇಲೆ ಭರವಸೆ ಇದ್ದವನು ದಿನಚರಿ ಯಾಕಾದರೂ ಬರೆಯುತ್ತಾನೆ? ನಾನು ಕಾಲೇಜಿನ ದಿನಗಳಿಂದ ಬರೆಯುತ್ತ ಬಂದಿದ್ದೇನೆ. ಹಳೆಯ ಪುಟ ತೆರೆದರೆ ಹೆಚ್ಚಾಗಿ ಸಿಗುವುದು ಒಂದೇ ಮಾತು: ‘ಎಂದಿನಂತೆ.’ ಎಂದಿನಂತೆ ಕಾರವಾರದ ಕಚೇರಿ, ಎಂದಿನಂತೆ ಕಾಳಿ ಸೇತುವೆಯ ಮೇಲೆ ಗಾಳಿ, ಎಂದಿನಂತೆ ಊಟಕ್ಕೆ ಬಂಗಡೆ ಮೀನು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುವಾಗ, ಆಧಾರವಿಲ್ಲದ ಮಾತನ್ನು ನಂಬಬೇಡಿ ಎಂದು ಗುರುಗಳು ಹೇಳಿಕೊಟ್ಟಿದ್ದರು. ನನ್ನ ಬದುಕಿನ ಮಟ್ಟಿಗೆ ಇರುವ ಆಧಾರ ನಾನೊಬ್ಬನೇ. ಅದೂ ನಂಬುವಂಥದ್ದಲ್ಲ.

ಇಂಥ ನನ್ನ ಕೈಗೆ ಒಂದು ವಿಡಿಯೋ ಗೇಮ್ ಸಿಕ್ಕಿತು. ಹೆಂಡತಿ ಶಾಲಿನಿಯ ತಮ್ಮ ಹಡಗಿನಲ್ಲಿ ಕೆಲಸ ಮಾಡುತ್ತಾನೆ. ರಜೆ ಮುಗಿಸಿ ಹೊರಡುವಾಗ, “ಭಾವಾ, ನೀವು ಇತಿಹಾಸ ಓದಿದವರಲ್ವಾ, ಇದು ಇತಿಹಾಸದ್ದೇ ಗೇಮು, ಹೊತ್ತು ಹೋಗ್ತದೆ” ಎಂದು ಆ ಪೆಟ್ಟಿಗೆಯನ್ನು ಚಿತ್ತಾಕುಲದ ನಮ್ಮ ಮನೆಯ ಟಿ.ವಿ. ಪಕ್ಕದಲ್ಲಿಟ್ಟು ಹೋದ. ಹೊತ್ತು ಹೋಗುತ್ತದೆ ಎಂದವನು ಎಲ್ಲಿಗೆ ಹೋಗುತ್ತದೆ ಎಂದು ಹೇಳಲಿಲ್ಲ. ಭಾನುವಾರ ಮಧ್ಯಾಹ್ನ ಮೀನು ಸಾರಿನ ಊಟ ಮುಗಿದು, ಸಮುದ್ರದ ಗಾಳಿಗೆ ಕಿಟಕಿಯ ಪರದೆ ಉಬ್ಬಿ ಇಳಿಯುವ ಹೊತ್ತಿಗೆ ನಾನು ಆ ಪೆಟ್ಟಿಗೆಯ ಮುಂದೆ ಕೂರತೊಡಗಿದೆ. ಅದರೊಳಗೆ ಯಾವುದೋ ಹಳೆಯ ಶತಮಾನದ ಬಂದರು ಪಟ್ಟಣ. ಜೇನಿನ ಬಣ್ಣದ ಬಿಸಿಲು, ಕಲ್ಲಿನ ಗೋಪುರಗಳು, ಪಾರಿವಾಳಗಳು. ತಲೆಯ ಮೇಲೆ ಬೂದುಬಣ್ಣದ ಮುಸುಕು ಎಳೆದುಕೊಂಡ ಒಬ್ಬ ಗುಪ್ತ ಕೊಲೆಗಾರ. ಅವನೇ ನಾನು. ಗುಮಾಸ್ತಿಕೆಯಲ್ಲಿ ಇಷ್ಟು ವರ್ಷ ಕಳೆದವನಿಗೆ ಯಾರ ಕಣ್ಣಿಗೂ ಬೀಳದೆ ಓಡಾಡುವುದು ಕಲಿಯಬೇಕಾದ ವಿದ್ಯೆಯೇನೂ ಅಲ್ಲ.

ಆಟದಲ್ಲಿ ಮಾಡಬೇಕಾದದ್ದು ಇಷ್ಟೇ. ಊರಿನ ಗೋಪುರ ಹತ್ತಬೇಕು, ಸುತ್ತ ನೋಡಬೇಕು, ಕೆಳಗಿನ ಹುಲ್ಲಿನ ಬಣವೆಗೆ ಹಾರಬೇಕು. ಆಮೇಲೆ ಒಂದು ಬೆಂಚಿನ ಮೇಲೆ ಇಬ್ಬರ ನಡುವೆ ಕೂತು ಅವರ ಗುಟ್ಟಿನ ಮಾತು ಕೇಳಬೇಕು. ಮತ್ತೊಬ್ಬನ ಹಿಂದೆ ಸಪ್ಪಳವಿಲ್ಲದೆ ನಡೆಯಬೇಕು. ಕೊನೆಗೆ ಒಬ್ಬ ದುಷ್ಟನನ್ನು ಮುಗಿಸಿ ತಪ್ಪಿಸಿಕೊಳ್ಳಬೇಕು. ಮುಂದಿನ ಊರಿಗೆ ಹೋದರೆ ಅಲ್ಲಿಯೂ ಗೋಪುರ, ಬಣವೆ, ಬೆಂಚು. ಕಾವಲುಗಾರರೂ ಹಾಗೆಯೇ. ನಿಮ್ಮನ್ನು ಅರೆಬರೆ ಕಂಡರೆ “ಯಾರಲ್ಲಿ?” ಎಂದು ಹತ್ತಿರ ಬರುತ್ತಾರೆ, ಬಣವೆಯೊಳಗೆ ಸ್ವಲ್ಪ ಹೊತ್ತು ಉಸಿರು ಹಿಡಿದು ಕೂತರೆ “ಗಾಳಿ ಇರಬೇಕು” ಎಂದು ಹಿಂದಿರುಗುತ್ತಾರೆ. ಪಕ್ಕದಲ್ಲಿ ಹೆಣ ಬಿದ್ದಿದ್ದರೂ ಗಾಳಿಯೇ. ಅಷ್ಟು ಸುಖವಾದ ಮರೆವನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ.

“ಮತ್ತೆ ಅದೇ ಗೋಪುರ ಹತ್ತಿದ್ರಾ?” ಎಂದು ಶಾಲಿನಿ ತೊಳೆದ ಬಟ್ಟೆ ಮಡಚುತ್ತ ಕೇಳುತ್ತಿದ್ದಳು.

“ಅದಲ್ಲ, ಇದು ಬೇರೆ ಊರಿನ ಗೋಪುರ.”

“ಹತ್ತುವಂವ ಅವನೇ ಅಲ್ವಾ? ನಮ್ಮ ತೆಂಗಿನಕಾಯಿ ಕೊಯ್ಯೂಕೆ ತಿಂಗಳಿಂದ ಜನ ಸಿಕ್ಕಿಲ್ಲ. ಅವನ ಹತ್ರ ಒಂದು ಮಾತು ಕೇಳಿ ನೋಡಿ.”

ಅವಳ ಮುಂದೆ ಸೋಲಬಾರದೆಂದು ನಾನು ಒಮ್ಮೆ ಎಂ.ಎ.ಯನ್ನು ಹೊರತೆಗೆದೆ. ಆಟದ ಪೇಟೆಯಲ್ಲಿ ಕೆಂಪು ಮೆಣಸಿನಕಾಯಿ ರಾಶಿ ಹಾಕಿದ್ದಾರೆ, ಆ ಕಾಲಕ್ಕೆ ಮೆಣಸಿನಕಾಯಿ ಸಮುದ್ರ ದಾಟಿ ಬಂದೇ ಇರಲಿಲ್ಲ, ಇದು ಇತಿಹಾಸಕ್ಕೆ ಮಾಡಿದ ದ್ರೋಹ ಎಂದೆ. ಅವಳು ಮಡಚುವುದನ್ನು ನಿಲ್ಲಿಸಿ ನಿಜವಾಗಿಯೂ ಮರುಗಿದಳು. “ಅಯ್ಯೋ ದೇವ್ರೇ, ಮತ್ತೆ ಮೀನು ಸಾರು ಹೆಂಗೆ ಮಾಡ್ತಿದ್ರೇನ!”

ಅದೇ ಬೇಸಗೆಯಲ್ಲಿ ಅವರ್ಸಾದಲ್ಲಿರುವ ನನ್ನ ತಂಗಿ ಸುಮನಳ ಮಗಳಿಗೆ ಮದುವೆ ನಿಶ್ಚಯವಾಯಿತು. ನಮ್ಮ ಕಡೆಯ ನೆಂಟರಿಗೆಲ್ಲ ಕರೆ ಹೇಳುವ ಕೆಲಸ ಸೋದರಮಾವನಾದ ನನ್ನ ಪಾಲಿಗೆ ಬಂತು. ಮದುವೆಯ ಕಾಗದವನ್ನು ವಾಟ್ಸ್ಯಾಪಿನಲ್ಲಿ ಕಳಿಸಿದರೆ ನಮ್ಮಲ್ಲಿ ಅದು ಕರೆ ಅಲ್ಲ, ಸುದ್ದಿ. ಮನೆಗೆ ಹೋಗಬೇಕು, ಕೂರಬೇಕು, ಚಾ ಕುಡಿಯಬೇಕು, ಗಂಡು ಎಲ್ಲಿಯವನು, ಏನು ಕೆಲಸ ಎಂಬುದಕ್ಕೆ ಉತ್ತರ ಹೇಳಬೇಕು; ಆಮೇಲೆ ಅರಿಶಿನ ಹಚ್ಚಿದ ಕಾಗದವನ್ನು ಕೈಗೆ ಕೊಟ್ಟು “ಎಲ್ಲಾರೂ ಬರಬೇಕು, ಮುಂಚಿನ ದಿನವೇ ಬಂದು ಚಂದಗಾಣಿಸಬೇಕು” ಎನ್ನಬೇಕು. ಕಾಗದ ಆ ಮನೆಯ ಕನ್ನಡಿಯ ಸಂದಿಗೋ ದೇವರ ಪಟದ ಹಿಂದಕ್ಕೋ ಸೇರಿದ ಮೇಲೆಯೇ ಕರೆ ಪೂರ್ತಿ. ಅಕ್ಕಪಕ್ಕದ ಎರಡು ಮನೆಗಳಲ್ಲಿ ಹಿರಿಯರ ಮನೆಗೆ ಮೊದಲು ಹೋಗಬೇಕು. ಇನ್ನೂ ಕರೆ ಹೇಳದ ಮನೆಯವರ ಕಣ್ಣಿಗೆ ದಾರಿಯಲ್ಲಿ ಬೀಳಬಾರದು. ಎರಡನೆಯ ಊರಿನ ಹೊತ್ತಿಗೆ ನನಗೆ ಹೊಳೆಯಿತು: ಇದು ಅದೇ ಆಟ. ಜಗಲಿ, ಬೆಂಚು, ಚಾ, ಗುಟ್ಟಿನ ಮಾತು. ಮುಂದಿನ ಊರು, ಮತ್ತೆ ಜಗಲಿ. ಬಿಸಿಲಿನಲ್ಲಿ ನಡೆಯುತ್ತ ನಡೆಯುತ್ತ ನನಗೆ ಹಿತವಾದ ಒಂದು ಮಂಪರು ಹತ್ತಿಕೊಂಡಿತು. ವಾರದ ದಿನಗಳಲ್ಲಿ ಕಚೇರಿ, ರಜೆಯ ಬೆಳಿಗ್ಗೆ ಕರೆ, ಮಧ್ಯಾಹ್ನ ಆಟ. ಯಾವ ಜಗಲಿಯಿಂದ ಎದ್ದು ಯಾವ ಬೆಂಚಿನಲ್ಲಿ ಕೂತೆ ಎಂಬುದರ ಗಡಿ ನಿಧಾನವಾಗಿ ಅಳಿಸಿಹೋಯಿತು.

ಕರೆ ಎಲ್ಲ ಮುಗಿಯಿತು ಎಂದು ನಾನು ಹೇಳಿದಾಗ ಸುಮನ ಫೋನಿನಲ್ಲಿ ಕೇಳಿದ್ದು ಒಂದೇ ಹೆಸರು. “ಅಣ್ಣಾ, ಹಿಲ್ಲೂರಿನ ಗಂಗತ್ತೆಗೆ ಹೇಳ್ದ್ಯಾ?”

ಗಂಗತ್ತೆ ನಮ್ಮ ಅಪ್ಪನ ತಂಗಿ. ಅಪ್ಪನ ಪೀಳಿಗೆಯಲ್ಲಿ ಉಳಿದಿರುವುದು ಅವಳೊಬ್ಬಳೇ. ಅವಳು ಬಂದು ಮಗಳ ತಲೆಯ ಮೇಲೆ ಮೊದಲ ಅಕ್ಷತೆ ಹಾಕದಿದ್ದರೆ ಸುಮನಳಿಗೆ ಮದುವೆ ಮದುವೆಯೇ ಅಲ್ಲ. ಅತ್ತೆಯೋ, ಕರೆಯದ ಮನೆಗೆ ಕಾಲಿಡುವವಳಲ್ಲ. “ಹೇಳ್ದೆ ಮಾರಾಯ್ತಿ,” ಎಂದೆ. “ಜಗಲಿ ಮೇಲೆ ಕೂತು ಬೀನ್ಸ್ ಬಿಡಿಸ್ತಿದ್ಲು. ಪಕ್ಕದಲ್ಲೇ ಕೂತು ಹೇಳ್ದೆ. ಬಿಸಿಲು ಎಷ್ಟು ಚೆಂದ ಬಿದ್ದಿತ್ತು ಗೊತ್ತಾ, ಆ ನೀಲಿ ಬಾಗಿಲ ಮೇಲೆ.” ಸುಮನ ಸಮಾಧಾನದಿಂದ ಫೋನಿಟ್ಟಳು.

ಮರುದಿನ ಎಂದಿನಂತೆ ಆಟದಲ್ಲಿ ಒಂದು ಬೆಂಚು ಹುಡುಕಿ ಕೂತೆ. ಪಕ್ಕದಲ್ಲಿ ಒಬ್ಬ ಮುದುಕಿ ಮಡಿಲಲ್ಲಿ ಬುಟ್ಟಿಯಿಟ್ಟುಕೊಂಡು ಏನೋ ಕಾಯಿ ಬಿಡಿಸುತ್ತಿದ್ದಳು. ಅವಳ ಹಿಂದೆ ನೀಲಿ ಬಾಗಿಲು. ಎಡಗಡೆಯಿಂದ ಬಿಸಿಲು. ಹಿಲ್ಲೂರಿನ ಅತ್ತೆಯ ಮನೆಗೆ ನೀಲಿ ಬಾಗಿಲಿಲ್ಲ. ಹಲಸಿನ ಮರದ ಕರಿ ಬಾಗಿಲು. ಆಟದ ಗುಂಡಿಗಳ ಮೇಲೆ ಬೆರಳುಗಳು ಹಾಗೇ ನಿಂತವು. ಟಿ.ವಿ. ಪರದೆಯ ಮೇಲೆ ನನ್ನ ಮುಸುಕಿನವನನ್ನು ಯಾರೋ ಬಂದು ಹೊಡೆದು ಹಾಕಿದರು.

ನೆನಪನ್ನು ಹಿಂಡಿ ಹಿಂಡಿ ನೋಡಿದೆ. ಹಿಲ್ಲೂರಿಗೆ ಹೋದದ್ದು ನಿಜ. ಅತ್ತೆಯ ಪಕ್ಕದ ಮನೆಯ ನಾಗಮ್ಮನಿಗೆ ಕರೆ ಹೇಳಿದ್ದು ನಿಜ. ಅವಳ ಚಾದಲ್ಲಿ ಶುಂಠಿ ಇತ್ತು. ಅದಕ್ಕೂ ಮೊದಲು ಅತ್ತೆಯ ಮನೆಗೆ ಹೋದಾಗ ಬಾಗಿಲು ಹಾಕಿತ್ತೆ? ಬರುವಾಗ ಹೋದರಾಯಿತು ಎಂದುಕೊಂಡೆನೆ? ದಿನಚರಿಯಲ್ಲಿ ಇದ್ದದ್ದು: ‘ಹಿಲ್ಲೂರು. ಎಂದಿನಂತೆ.’

ಮದುವೆಗೆ ಇನ್ನು ಒಂದೇ ವಾರ. ಸುಮನಳ ಹತ್ತಿರ ಹೇಳುವ ಧೈರ್ಯವಿಲ್ಲ. ಬೆಳಿಗ್ಗೆಯೇ ಸ್ಕೂಟರಿನಲ್ಲಿ ಹಿಲ್ಲೂರಿಗೆ ಹೊರಟೆ. ದಾರಿಯುದ್ದಕ್ಕೂ ಯೋಚಿಸಿದೆ. ಮೊದಲೇ ಕರೆದಿದ್ದರೆ ಮತ್ತೆ ಕರೆಯುವುದು ನಗೆಪಾಟಲು. ಕರೆದಿಲ್ಲದಿದ್ದರೆ ಕರೆದೆನೇ ಎಂದು ಕೇಳುವುದು ಅವಮಾನ. ಮೊದಲು ಆಧಾರ ಬೇಕು. ಹಿತ್ತಲಿನಿಂದ ಹೋಗಿ ಅಡುಗೆಮನೆಯ ಕಿಟಕಿಯಲ್ಲಿ ಇಣುಕಿದರೆ ಗೋಡೆಯ ಕನ್ನಡಿ ಕಾಣುತ್ತದೆ. ಅಲ್ಲಿ ಕಾಗದ ಇದ್ದರೆ ಸಪ್ಪಳವಿಲ್ಲದೆ ಮನೆಗೆ. ಇಲ್ಲದಿದ್ದರೆ ಎದುರು ಬಾಗಿಲಿನಿಂದ ಒಳಗೆ. ಹಿತ್ತಲಿನಲ್ಲಿ ಹುಲ್ಲಿನ ಬಣವೆ ಇತ್ತು. ದೇವರಾಣೆ, ನಾನು ಅದರ ಹಿಂದೆ ಕೂತದ್ದು ಯೋಚಿಸಿ ಅಲ್ಲ, ಅಭ್ಯಾಸಬಲದಿಂದ. ಆಟದಲ್ಲಿ ಹುಲ್ಲು ಕುತ್ತಿಗೆಯೊಳಗೆ ಇಳಿದು ತುರಿಸುವುದಿಲ್ಲ ಎಂಬುದು ಮಾತ್ರ ಆಗ ಗೊತ್ತಾಯಿತು.

“ಯಾರದು ಬಣವೆ ಹಿಂದೆ? ದನನಾ, ಮನ್ಸನಾ?”

ಗಾಳಿ ಇರಬೇಕು ಎಂದು ಅತ್ತೆ ಅಂದುಕೊಳ್ಳಲಿ ಎಂದು ಉಸಿರು ಹಿಡಿದೆ. ಅವಳು ಆ ಜಾತಿಯ ಕಾವಲುಗಾರ್ತಿಯಲ್ಲ. ಕೋಲು ಹಿಡಿದುಕೊಂಡು ನೇರ ಬಂದಳು. “ವಸಂತನಾ? ನಮ್ಮನೆಗೆ ಎದುರಿಗೆ ಬಾಗ್ಲಿಲ್ವನಾ?”

ಎದ್ದು ನಿಂತು ಹುಲ್ಲು ಕೊಡವಿಕೊಂಡೆ. ಬಾಯಿಗೆ ಬಂದದ್ದು ಸತ್ಯವೇ. “ಅತ್ತೆ, ಕರೆ ಹೇಳುಕೆ ಬಂದೆ.”

“ಶ್!” ಎಂದು ಅವಳು ನನ್ನ ರಟ್ಟೆ ಹಿಡಿದು ಅಡುಗೆಮನೆಯೊಳಗೆ ಎಳೆದುಕೊಂಡಳು. “ಮೆತ್ತಗೆ ಮಾತಾಡು. ನೀ ಕರೆ ಹೇಳಿ ಆಗಿದೆ.”

ನನಗೆ ಹೋದ ಜೀವ ಬಂತು. “ಹೌದಾ? ನಾ ಬಂದಿದ್ನಾ?”

“ಎಲ್ಲಿ ಬಂದೆ? ಆ ನಾಗಮ್ಮ ಬಂದು, ನಿಮ್ಮ ಅಣ್ಣನ ಮಗ ನಮ್ಮನೆಗೆ ಕರೆ ಹೇಳಿ ಹೋದ, ನಿಮ್ಮನೆಗೆ ಬಂದಿದ್ನಾ ಹೇಳಿ ಕೇಳ್ತು. ನಾ ಎಂಥಾ ಹೇಳೂದು? ನೆರೆಮನೆಗೆ ಹೇಳಿ ಸ್ವಂತ ಅತ್ತೇನೇ ಬಿಟ್ಟ ಹೇಳೂದಾ? ಬಂದಿದ್ದ ಹೇಳ್ದೆ. ಅಷ್ಟಕ್ಕೆ ಬಿಡ್ತದ್ಯಾ ಅದು? ಎಂಥಾ ಮಾಡಿ ಹಾಕಿದ್ರಿ ಕೇಳ್ತು. ದೋಸೆ ಹಾಕ್ದೆ, ಕೇಳಿ ಕೇಳಿ ಹಾಕ್ಸ್ಕಂಡು ತಿಂದ ಹೇಳ್ದೆ. ಚಾ ಮಾತ್ರ ಸಕ್ರೆ ಹಾಕ್ದೇ ಕುಡ್ದ, ಶುಗರ್ ಬಂದಿದೆ ಪಾಪ, ಹೇಳ್ದೆ.”

“ನಂಗೆ ಶುಗರ್ ಇಲ್ಲ ಅತ್ತೆ.”

“ಈಗ ಇದೆ. ಊರಿಗೆಲ್ಲ ಗೊತ್ತಾಗಿದೆ. ಮದ್ವೆಲಿ ಪಾಯಸ ಮುಟ್ಬೇಡ.”

ನಾನು ನಕ್ಕೆ. ಅವಳು ನಗಲಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಸುಮ್ಮನೆ ಈಚೆಗೆ ಇಟ್ಟು, ಮತ್ತೆ ಆಚೆಗೆ ಇಟ್ಟಳು. “ಬಾಗ್ಲು ಹಾಕಿತ್ತು ಹೇಳಿ ಹೋದ್ಯೇನ ತಮಾ? ಗದ್ದೇಲೇ ಇದ್ದಿದ್ದೆ. ಒಂದು ಕೂಗು ಹಾಕಿದ್ರೆ ಕೇಳ್ತಿತ್ತು.” ಜೇಬಿನಿಂದ ಅರಿಶಿನದ ಕಾಗದ ತೆಗೆದೆ. ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಎರಡೂ ಕೈ ಒಡ್ಡಿದಳು. ಎಲ್ಲಾರೂ ಬರಬೇಕು, ಮುಂಚಿನ ದಿನವೇ ಬಂದು ಚಂದಗಾಣಿಸಬೇಕು ಎಂದು ಪಿಸುಮಾತಿನಲ್ಲಿ ಹೇಳಿದೆ. ಅತ್ತೆ ಕಾಗದವನ್ನು ಕನ್ನಡಿಯ ಸಂದಿಗೆ ಸಿಕ್ಕಿಸಿದಳು. ಹೊಸದಾಗಿ ಕಾಣುತ್ತದೆ ಎಂದೋ ಏನೋ, ಒಲೆಯ ಮಸಿಯ ಬೆರಳನ್ನು ಅದರ ಅಂಚಿಗೆ ಒಮ್ಮೆ ಎಳೆದಳು. “ಈಗ ಹಿತ್ತಲಿಂದನೇ ಹೋಗು. ಯಾರೂ ಕಾಣ್ಬಾರ್ದು.”

ಬಣವೆ ದಾಟಿ, ಗದ್ದೆಯ ಅಂಚು ಹತ್ತುವಷ್ಟರಲ್ಲಿ ಎದುರಿಗೇ ನಾಗಮ್ಮ, ತಲೆಯ ಮೇಲೆ ಸೊಪ್ಪಿನ ಹೊರೆ. “ಓ, ಮತ್ತೆ ಬಂದ್ರಾ?”

“ಹೋದ ಸಲ ಕೊಡೆ ಬಿಟ್ಟು ಹೋಗಿದ್ದೆ,” ಎಂದೆ. ಎಲ್ಲಿಂದ ಬಂತೋ ಆ ಮಾತು.

ಅವಳು ನನ್ನ ಖಾಲಿ ಕೈಗಳನ್ನು ನೋಡಿದಳು. “ಮತ್ತೆ ಕೊಡೆ ಎಲ್ಲಿ?”

“ತಮಾ!” ಹಿಂದಿನಿಂದ ಅತ್ತೆಯ ಕೂಗು. ಈ ಸಲ ಊರಿಗೆಲ್ಲ ಕೇಳುವಂತೆ. “ಕೊಡೆ ತಕಂಡು ಹೋಗೂಕೆ ಬಂದಂವ ಮತ್ತೂ ಬಿಟ್ಟೇ ಹೋಗ್ತ್ಯಲಾ!” ಮಾವ ಹಿಡಿಯುತ್ತಿದ್ದ ಮರದ ಹಿಡಿಯ ಕರಿ ಕೊಡೆಯನ್ನು ತಂದು ನನ್ನ ಕೈಗೆ ತುರುಕಿದಳು.

“ಶುಗರ್ ಬಂದವ್ರಿಗೆ ಮರೆವು ಜಾಸ್ತಿ,” ಎಂದು ನಾಗಮ್ಮ ಮರುಕದಿಂದ ಹೇಳಿ ಮುಂದೆ ನಡೆದಳು. ಗಾಳಿ ಇರಬೇಕು ಎಂದು ಹೇಳಿದಷ್ಟೇ ಸರಾಗವಾಗಿ.

ಅತ್ತೆ ಮದುವೆಗೆ ಮುಂಚಿನ ದಿನವೇ ಬಂದಳು. ಮೊದಲ ಅಕ್ಷತೆ ಅವಳದೇ. “ಎಷ್ಟು ಚಲೋ ಕರೆ ಹೇಳಿದ್ಯೋ ಅಣ್ಣಾ, ಅತ್ತೆ ಎಲ್ಲರ ಹತ್ರ ಹೇಳ್ತಾ ಇದೆ” ಎಂದು ಸುಮನ ಕಣ್ಣು ಒರೆಸಿಕೊಂಡಳು. ಊಟದ ಪಂಕ್ತಿಯಲ್ಲಿ ಎದುರಿಗೇ ನಾಗಮ್ಮ ಕೂತಿದ್ದರಿಂದ ಪಾಯಸ ನನ್ನ ಎಲೆಯನ್ನು ದಾಟಿಕೊಂಡು ಹೋಯಿತು.

ಆಟವನ್ನು ನಾನೇನೂ ಬಿಟ್ಟಿಲ್ಲ. ಈಗ ಇನ್ನೊಂದು ಊರಿನಲ್ಲಿದ್ದೇನೆ. ಎಂದಿನಂತೆ ಗೋಪುರ, ಎಂದಿನಂತೆ ಬಣವೆ. ಮಧ್ಯಾಹ್ನ ಕಿಟಕಿಯ ಪರದೆ ಉಬ್ಬಿ ಇಳಿಯುವಾಗ ಹಿಲ್ಲೂರಿನ ಆ ದೋಸೆಯ ರುಚಿ ನಾಲಿಗೆಗೆ ಬರುತ್ತದೆ. ಅಂಚು ಗರಿಗರಿ, ನಡುವೆ ಮೆತ್ತಗೆ. ನಿಜಕ್ಕೂ ಕೇಳಿ ಕೇಳಿ ಹಾಕಿಸಿಕೊಂಡೆ. ಕೊಡೆ ನಮ್ಮ ಬಾಗಿಲ ಹಿಂದೆ ನೇತಾಡುತ್ತಿದೆ. ಯಾರದು ಇದು ಎಂದು ಮೊನ್ನೆ ಶಾಲಿನಿ ಕೇಳಿದಾಗ, “ನನ್ನದೇ. ಕಾರವಾರದ ಪೇಟೆಯಲ್ಲಿ ತಗೊಂಡದ್ದಲ್ವಾ, ನೀನೂ ಜೊತೆಗಿದ್ದೆ” ಎಂದೆ. ಅವಳು ಕೊಡೆಯನ್ನು ಬಿಚ್ಚಿ, ಮುಚ್ಚಿ, ಮತ್ತೆ ಬಾಗಿಲ ಹಿಂದೆ ನೇತುಹಾಕಿದಳು.

“ಹೌದು,” ಎಂದಳು. “ಅವತ್ತು ಮಳೆ ಬರ್ತಿತ್ತು.”