ಕೆಂಪಣ್ಣನ ಕೆರೆಗೆ ಮೂರು ಬೋಜಾ

ಕಲ್ಲೇಶಪ್ಪನಿಗೆ ನೀರು ಬೇಕಿತ್ತು, ಬುದ್ಧಿವಾದ ಬೇಡವಾಗಿತ್ತು. ಪಕ್ಕದ ತೋಟದ ಕೆಂಪಣ್ಣ ಮಾತ್ರ ಒಂದನ್ನು ಬಿಟ್ಟು ಇನ್ನೊಂದನ್ನು ಕೊಡುವ ಜಾತಿಯವನಲ್ಲ.

ಸುಂಟಿಕೊಪ್ಪದಿಂದ ಒಳಗೆ ಮೂರು ಮೈಲಿ ದೂರದ ಇಳಿಜಾರಿನಲ್ಲಿ ಕಲ್ಲೇಶಪ್ಪನಿಗೆ ನಾಲ್ಕೆಕರೆ ರೋಬಸ್ಟಾ ತೋಟ ಇತ್ತು. ತೋಟದಲ್ಲಿ ಎಲ್ಲವೂ ಇತ್ತು, ನೀರೊಂದು ಬಿಟ್ಟು. ನೀರಿದ್ದದ್ದು ಬೇಲಿಯಾಚೆ, ಕೆಂಪಣ್ಣನ ಅರ್ಧ ಎಕರೆ ಕೆರೆಯಲ್ಲಿ. ಫೆಬ್ರವರಿಯಲ್ಲಿ ಕಾಫಿ ಗಿಡ ಮೊಗ್ಗು ಕಟ್ಟಿ ಒಂದು ಮಳೆಗೆ ಕಾಯುತ್ತದೆ. ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಿ ಗಿಡ ನೆನೆಸಬೇಕು. ಇಲ್ಲದಿದ್ದರೆ ಮೊಗ್ಗು ಒಣಗಿ ಆ ವರ್ಷದ ಫಸಲಿಗೆ ಕೈ ಮುಗಿಯಬೇಕು. ಕೆಂಪಣ್ಣ ನೀರಿಗೆ ಒಂದು ಕಾಸೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಪಂಪು ಒಂದು ಗಂಟೆ ಓಡಿದರೆ ಅವನ ಬಾಯಿ ಒಂದೂವರೆ ಗಂಟೆ ಓಡುತ್ತಿತ್ತು.

"ಕಲ್ಲೇಶಣ್ಣ, ನೆರಳು ಜಾಸ್ತಿ ಆಗೈತೆ. ಕಲ್ಲೇಶಣ್ಣ, ಚಿಗುರು ತೆಗ್ಸಿಲ್ವಾ? ಇದೇನ್ ತೋಟನಾ, ರಿಸರ್ವ್ ಫಾರೆಸ್ಟಾ?"

ಹದಿನಾರು ವರ್ಷ ಇದನ್ನು ಕೇಳಿ ಕಲ್ಲೇಶಪ್ಪನ ಕಿವಿ ಸವೆದಿತ್ತು. ಹಾಗಾಗಿ ಈ ಸಲ ಕೆಂಪಣ್ಣ ಪಿಕಪ್ ಗಾಡಿ ಕೊಳ್ಳಲು ಕೆರೆ ಜಾಗ ಮಾರುತ್ತಾನೆಂದು ಗೊತ್ತಾದಾಗ, ಕಲ್ಲೇಶಪ್ಪ ಚೌಕಾಸಿ ಕೂಡ ಮಾಡದೆ ಆರು ಲಕ್ಷಕ್ಕೆ ಒಪ್ಪಿಬಿಟ್ಟ. ಮೆಣಸು, ಕಾಫಿ ಎರಡಕ್ಕೂ ಒಳ್ಳೆ ರೇಟು ಬಂದ ವರ್ಷ ಅದು. ಸೋಮವಾರವೇ ಮೂರು ಲಕ್ಷ ಅಡ್ವಾನ್ಸ್ ಕೊಟ್ಟು, ಗುರುವಾರ ರಿಜಿಸ್ಟ್ರೇಷನ್ ಎಂದು ಗೊತ್ತು ಮಾಡಿದ.

"ರೀ, ಮೊದ್ಲು ಸೊಸೈಟಿ ಸಾಲ ಕಟ್ಟಿ. ಹೋದ ವರ್ಷವೇ ಗಡುವು ಮುಗ್ದಿದೆ" ಎಂದಳು ಹೆಂಡತಿ ಸುಮಿತ್ರಮ್ಮ.

"ಸಾಲ ಕಟ್ಟೋನು ದಡ್ಡ ಕಣೆ. ಈ ಸಲ ಮನ್ನಾ ಆಗೋದು ಗ್ಯಾರಂಟಿ."

"ಹೋದ ವರ್ಷಾನೂ ಇದೇ ಗ್ಯಾರಂಟಿ ಕೊಟ್ಟಿದ್ರಿ."

ಹೆಂಡತಿಯ ಮಾತಿಗೆ ಉತ್ತರ ಇಲ್ಲದಾಗ ಸ್ಕೂಟರಿಗೆ ಕಿಕ್ ಹೊಡೆಯುವುದು ಕಲ್ಲೇಶಪ್ಪನ ಪದ್ಧತಿ. ಗುರುವಾರ ಬೆಳಿಗ್ಗೆಯೂ ಹಾಗೇ ಹೊಡೆದ.

ಕುಶಾಲನಗರದ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಪತ್ರ ಬರೆಯುವ ನೀಲಾವತಿಯ ಅಂಗಡಿ. ಅಲ್ಲಿ ಕೆಂಪಣ್ಣ ಇರಲಿಲ್ಲ. ಅವನ ಬದಲು ಕರೆಯದ ಇಬ್ಬರು ಅತಿಥಿಗಳು ಬೆಂಚಿನ ಮೇಲೆ ಕೂತಿದ್ದರು. ಒಬ್ಬಳು ಕೆಂಪಣ್ಣನ ಚಿಕ್ಕವ್ವ ಸಿದ್ದಮ್ಮ, ಎಪ್ಪತ್ತೈದರ ಮುದುಕಿ, ತೊಡೆಯ ಮೇಲೆ ಕಪ್ಪು ಕೊಡೆ. ಇನ್ನೊಬ್ಬ ಕುಟ್ಟ ಊರಿನ ಮೆಣಸಿನ ವ್ಯಾಪಾರಿ ಅಶ್ವಥ್, ಕೈಯಲ್ಲಿ ಪ್ಲಾಸ್ಟಿಕ್ ಫೈಲು.

"ಬಾ ಮಗ. ನನ್ ಕೆರೆ ನೀನು ತಗೋತಿದ್ದೀಯಂತೆ?" ಎಂದಳು ಸಿದ್ದಮ್ಮ.

"ನಿಮ್ ಕೆರೆಯಾ?"

"ಅಲ್ದೆ? ನನ್ ಗಂಡ ಸತ್ತಾಗ ಕೋರ್ಟೇ ಬರ್ದು ಕೊಟ್ಟೈತೆ. ನಾನು ಬದುಕಿರೋವರ್ಗೂ ವರ್ಷಕ್ಕೆ ನಾಲ್ಕು ಮೂಟೆ ಭತ್ತ, ಆ ಜಾಗದ ಮೇಲೆ. ಯಾರು ಜಾಗ ತಗೋತಾರೋ ಅವ್ರು ಕೊಡ್ಬೇಕು. ನಂಗೆ ರಾಜಮುಡಿ ಭತ್ತನೇ ಆಗ್ಬೇಕು, ಹೇಳಿರ್ತೀನಿ."

ಅಶ್ವಥ್ ಗಂಟಲು ಸರಿಮಾಡಿಕೊಂಡು ಫೈಲು ಬಿಚ್ಚಿದ. "ಅಣ್ಣಾ, ಕೆರೆ ಏರಿ ಮೇಲಿನ ಸಿಲ್ವರ್ ಮರ, ಅದರ ಮೇಲಿನ ಮೆಣಸಿನ ಬಳ್ಳಿ ಮೂರು ವರ್ಷಕ್ಕೆ ನಂದು. ಅಡ್ವಾನ್ಸ್ ಕೊಟ್ಟು ರಿಜಿಸ್ಟರ್ ಮಾಡ್ಸಿದ್ದೀನಿ. ನೀವು ಕೆರೆ ತಗೊಳ್ಳಿ, ಏರಿ ಮೇಲೆ ಕಾಲಿಡ್ಬೇಡಿ ಅಷ್ಟೇ."

"ಏರಿ ಮೇಲೆ ಕಾಲಿಡ್ದೆ ಕೆರೆಗೆ ಹಾರ್ಕೊಂಡ್ ಹೋಗ್ಲಾ?"

ನೀಲಾವತಿ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. "ಇವರಿಬ್ರೇ ಅಲ್ಲ ಸಾರ್. ಪಹಣೀಲಿ ಸೊಸೈಟಿ ಬೋಜಾನೂ ಇದೆ, ಅಂದ್ರೆ ಜಾಗದ ಮೇಲಿನ ಹೊರೆ. ಕೆಂಪಣ್ಣೋರು ಆ ಜಾಗ ತೋರಿಸಿ ಮೂರು ಲಕ್ಷ ಬೆಳೆ ಸಾಲ ತಗೊಂಡಿದ್ದಾರೆ. ಸಾಲ ತೀರೋವರೆಗೂ ಸೊಸೈಟಿ ಹಿಡಿತ ಬಿಡಲ್ಲ. ಒಟ್ಟು ಮೂರು ಬೋಜಾ."

ಅರ್ಧ ಎಕರೆ ಕೆರೆಗೆ ಮೂರು ಜನ ಒಡೆಯರು, ಅದೂ ಮಾರುವವನನ್ನು ಬಿಟ್ಟು! ಕಲ್ಲೇಶಪ್ಪ ಬೆಂಚಿನ ಮೇಲೆ ಕುಸಿದ. ಅವನು ಕೂತ ರಭಸಕ್ಕೆ ಹಗುರ ಮೈಯ ಸಿದ್ದಮ್ಮ ಆ ತುದಿಯಲ್ಲಿ ಒಂದಿಷ್ಟು ಮೇಲೆದ್ದಳು.

"ಇವರಲ್ಲಿ ಯಾರು ಮೊದ್ಲು?" ಎಂದು ಕೇಳಿದ.

"ನಾನು!" ಎಂದಳು ಸಿದ್ದಮ್ಮ. "ನಾನು!" ಎಂದ ಅಶ್ವಥ್. ಆಮೇಲೆ ಇಬ್ಬರೂ ಎದ್ದು ನಿಂತು ಒಬ್ಬರಿಗೊಬ್ಬರು ಕಾಗದದ ತಾರೀಖು ತೋರಿಸತೊಡಗಿದರು. ಮುದುಕಿ ಕಾಗದ ತೋರಿಸಲು ಒಂದು ಕೈ, ಕೊಡೆ ತೋರಿಸಲು ಇನ್ನೊಂದು ಕೈ ಬಳಸಿದ್ದರಿಂದ ಅಶ್ವಥ್ ಬೇಗ ಕೂತ.

ನೀಲಾವತಿ ಕನ್ನಡಕ ತೆಗೆದಳು. "ಬಸ್ ಸ್ಟ್ಯಾಂಡಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟ್ ಹಿಡೀತಾರಲ್ಲ, ಹಂಗೆ ತಿಳ್ಕೊಳ್ಳಿ. ನಾನು ನೋಡಿದ ಕಾಗದದ ಪ್ರಕಾರ ಮೊದಲ್ನೇ ಟವೆಲ್ ಸೊಸೈಟೀದು. ಆಮೇಲೆ ಅಜ್ಜಿ, ಆಮೇಲೆ ಇವರು. ಮುಂದಿನ ಸೀಟೋರಿಗೆ ಸಿಕ್ಕಿ ಉಳಿದ್ರೆ ಹಿಂದಿನೋರಿಗೆ. ಅಂದ್ಹಂಗೆ ಸಾರ್, ಕೆಂಪಣ್ಣೋರ ಸಾಲಕ್ಕೆ ಜಾಮೀನು ಯಾರು ಗೊತ್ತಾ? ನೀವೇ."

"ನಾನಾ? ಯಾವಾಗ?"

ಯಾವಾಗ ಎಂದು ಹೇಳುವುದು ಕಷ್ಟವೇ. ಸೊಸೈಟಿಯಲ್ಲಿ ಸಾಲ ಕೊಡುವ ದಿನ ಊರಿಗೆ ಊರೇ ಸೇರುತ್ತದೆ. ಬಿಸಿ ಬೋಂಡ, ಚಾ ಬರುತ್ತದೆ. ಒಂದು ಕೈಯಲ್ಲಿ ಬೋಂಡ ಹಿಡಿದು, ಎದುರಿಗೆ ಬಂದ ಕಾಗದಕ್ಕೆಲ್ಲ ಇನ್ನೊಂದು ಕೈಯಲ್ಲಿ ಸಹಿ ಹಾಕುವುದು ರೂಢಿ. ಯಾರಿಗೆ ಯಾರು ಜಾಮೀನೆಂದು ಕೇಳುವುದು ಆ ಊರಲ್ಲಿ ಮರ್ಯಾದೆಯಲ್ಲ.

"ಅದು ನಿಮ್ಗೆ ಒಳ್ಳೇದೇ ಆಯ್ತು" ಎಂದಳು ನೀಲಾವತಿ. "ಜಾಮೀನುದಾರ ಸಾಲ ಕಟ್ಟಿದ್ರೆ ಸೊಸೈಟಿ ಟವೆಲ್ ಅವನ ಕೈಗೆ ಬರುತ್ತೆ. ಸೊಸೈಟೀಗೆ ಏನೇನು ಹಕ್ಕಿತ್ತೋ ಎಲ್ಲಾ ಅವನಿಗೆ. ಕಾನೂನೇ ಹಂಗಿದೆ. ಹೆಂಗೂ ಇನ್ನು ಮೂರು ಲಕ್ಷ ಕೆಂಪಣ್ಣೋರಿಗೆ ಕೊಡ್ಬೇಕಲ್ವಾ? ಅದನ್ನ ಸೊಸೈಟೀಗೆ ಕಟ್ಟಿ, ಅವರ ಹತ್ರ ಕಾಗದ ತನ್ನಿ. ಬೆಲೆಗೆ ಬೆಲೆ ತೀರ್ತು, ಮುಂದಿನ ಸೀಟೂ ಸಿಕ್ತು. ಆಮೇಲೆ ಅಜ್ಜಿ ಹತ್ರ, ಇವರ ಹತ್ರ ಮಾತಾಡೋಕೆ ನಿಮ್ಗೆ ಧ್ವನಿ ಬರುತ್ತೆ."

ಕಲ್ಲೇಶಪ್ಪನಿಗೆ ಕೂತಲ್ಲೇ ಧ್ವನಿ ಬಂತು. "ಈಗ್ಲೇ ಹೊರಟೆ!"

"ನಾನೂ ಬತ್ತೀನಿ" ಎಂದು ಸಿದ್ದಮ್ಮ ಎದ್ದಳು. "ನನ್ ಮುಂದಿನ್ ಸೀಟಲ್ಲಿ ಯಾರ್ ಕೂರ್ತಾರೆ ಅಂತ ನನ್ ಕಣ್ಣಾರೆ ನೋಡ್ಬೇಕು."

ಹೀಗೆ ಸ್ಕೂಟರಿನ ಹಿಂದೆ ಸಿದ್ದಮ್ಮ, ಸ್ಕೂಟರಿನ ಹಿಂದೆಯೇ ಬೈಕಿನಲ್ಲಿ ಅಶ್ವಥ್, ಮೆರವಣಿಗೆ ಸುಂಟಿಕೊಪ್ಪದ ಕಡೆ ಹೊರಟಿತು. ದಾರಿಯಲ್ಲಿ ಮುದುಕಿಗೆ ಬಿಸಿಲು ಹತ್ತಿ ಕೊಡೆ ಬಿಚ್ಚಿದಳು. ಗಾಳಿಗೆ ಕೊಡೆ ಕಲ್ಲೇಶಪ್ಪನ ಮುಖಕ್ಕೆ ಕವುಚಿ, ಸ್ಕೂಟರು ಒಂದು ಬೇಲಿಯೊಳಗೆ ನುಗ್ಗಿ ನಿಂತಿತು. ಕಲ್ಲೇಶಪ್ಪನ ಪಂಚೆ ಮುಳ್ಳಿಗೆ ಸಿಕ್ಕಿ ಮೊಳದುದ್ದ ಹರಿಯಿತು. ಸಿದ್ದಮ್ಮನಿಗೆ ಏನೂ ಆಗಲಿಲ್ಲ, ಹಸಿವಾಯಿತು ಅಷ್ಟೇ. ಹೋಟೆಲಿನಲ್ಲಿ ಮೂವರ ಊಟದ ಬಿಲ್ಲನ್ನು ಮುಂದಿನ ಸೀಟಿನವನೇ ಕೊಡುವುದು ನ್ಯಾಯ ಎಂದು ಹಿಂದಿನ ಸೀಟಿನವರಿಬ್ಬರೂ ಆ ದಿನ ಮೊದಲ ಬಾರಿ ಒಮ್ಮತಕ್ಕೆ ಬಂದರು.

ಸೊಸೈಟಿಯ ಕಾರ್ಯದರ್ಶಿ ಚೇತನ್‌ಕುಮಾರ್ ಹರಿದ ಪಂಚೆಯನ್ನು ನೋಡಿಯೂ ನೋಡದವನಂತೆ ಕುರ್ಚಿ ಎಳೆದು ಕೊಟ್ಟ. ವಿಷಯ ಕೇಳಿದ ಮೇಲೆ ಚಾ ಕೂಡ ತರಿಸಿದ.

"ಮಾರ್ಚ್ ತಿಂಗಳ ವಸೂಲಿ ಫೆಬ್ರವರೀಲೇ ಬಂದ್ರೆ ಇನ್ನೇನ್ ಬೇಕು ಸಾರ್! ಇವತ್ತು ಇದು ಎರಡನೇದು. ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಇನ್ನೊಬ್ರು ಜಾಮೀನುದಾರರು ಬಂದು ಬೇರೆಯವರ ಸಾಲ ಕಟ್ಟಿ ಹೋದ್ರು."

ಕಲ್ಲೇಶಪ್ಪ ಫೋನಿನಲ್ಲೇ ಮೂರು ಲಕ್ಷ ಕಳಿಸಿ, ಬೆರಳು ಒರೆಸಿಕೊಂಡ. ಈಗ ಅವನಿಗೆ ಲೋಕದ ನೈತಿಕತೆಯ ಬಗ್ಗೆ ಯೋಚಿಸಲು ಬಿಡುವಾಗಿತ್ತು. "ಜಾಮೀನುದಾರನ ಕೈಲಿ ಸಾಲ ಕಟ್ಸೋದಾ? ಯಾರಯ್ಯಾ ಆ ನಾಚಿಕೆಗೆಟ್ಟೋನು?"

ಚೇತನ್‌ಕುಮಾರನಿಗೆ ಚಾ ನೆತ್ತಿಗೇರಿತು. "ದೊಡ್ಡೋರೇ ಸಾರ್" ಎಂದ, ಕೆಮ್ಮುತ್ತಾ. "ಸದಸ್ಯರ ಹೆಸರು ನಾವು ಹೇಳ್ಬಾರ್ದು."

"ಅಂಥೋರ್ ಹೆಸರು ಬೋರ್ಡಲ್ಲಿ ಬರೆದು ಹಾಕ್ಬೇಕು!"

"ಹಾಕಕ್ಕೇ ಇದ್ವಿ ಸಾರ್. ಅಷ್ಟರಲ್ಲಿ ಆ ಜಾಮೀನುದಾರರು ಬಂದು ಕಟ್ಟಿಬಿಟ್ರು."

ಸೀಲು ಬಿದ್ದ ಕಾಗದ ಕೈಗೆ ಬಂತು. ಕೆಂಪಣ್ಣನ ಸಾಲವನ್ನು ಜಾಮೀನುದಾರ ಕಲ್ಲೇಶಪ್ಪನವರು ಪೂರ್ತಿ ತೀರಿಸಿರುವುದರಿಂದ, ಸದರಿ ಜಮೀನಿನ ಮೇಲೆ ಸೊಸೈಟಿಗಿದ್ದ ಎಲ್ಲಾ ಹಕ್ಕುಗಳೂ ಅವರಿಗೆ ಸೇರತಕ್ಕದ್ದು. ಕಲ್ಲೇಶಪ್ಪ ಅದನ್ನು ಸಿದ್ದಮ್ಮನಿಗೆ ಎರಡು ಸಲ ಓದಿ ಹೇಳಿದ. ಅಶ್ವಥನಿಗೆ ಒಂದು ಸಲ ಜಾಸ್ತಿಯೇ ಓದಿದ. ಹದಿನಾರು ವರ್ಷದ ಬುದ್ಧಿವಾದ ಇವತ್ತಿಗೆ ಮುಗಿಯಿತೆಂದು ಅವನಿಗೆ ಕುಣಿಯುವಷ್ಟು ಖುಷಿಯಾಗಿತ್ತು. ಪಂಚೆ ಹರಿದಿದ್ದರಿಂದ ಕುಣಿಯಲಿಲ್ಲ.

ಕುಶಾಲನಗರಕ್ಕೆ ವಾಪಸ್ ಬಂದಾಗ ಮೂರು ಗಂಟೆ. ಕೆಂಪಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನೀಲಾವತಿಯ ಬೆಂಚಿನ ಮೇಲೆ ಕೂತಿದ್ದ.

"ಎಲ್ಲಿ ಹೋಗಿದ್ದೆ ಮಾರಾಯ, ಬೆಳಿಗ್ಗೆಯಿಂದ?" ಎಂದ ಕಲ್ಲೇಶಪ್ಪ.

"ಸೊಸೈಟಿಗೆ ಹೋಗಿದ್ದೆ ಕಣಣ್ಣ. ಆಮೇಲೆ ಶೋರೂಮಿಗೆ. ಇದೇನಣ್ಣ ಪಂಚೆ? ಮುಳ್ಳುಬೇಲಿ ಹತ್ರ ಗಾಡಿ ನಿಧಾನಕ್ಕೆ ಓಡಿಸ್ಬೇಕು."

"ಬುದ್ಧಿ ಹೇಳೋದು ಇವತ್ತಿಗೆ ಸಾಕು! ಇದು ನೋಡು." ಕಲ್ಲೇಶಪ್ಪ ಕಾಗದವನ್ನು ಕೆಂಪಣ್ಣನ ಮೂಗಿನ ಕೆಳಗೆ ಹಿಡಿದ. "ನಿನ್ ಸಾಲ ನಾನು ಕಟ್ಟಿದ್ದೀನಿ. ನಿನ್ ಜಾಗಕ್ಕೆ ಈಗ ನಾನೇ ಸೊಸೈಟಿ. ಅಡ್ವಾನ್ಸ್ ಮೂರು, ಇದು ಮೂರು, ಆರು ಲಕ್ಷ ಸಂದಾಯ. ಹಾಕು ಸಹಿ."

ಕೆಂಪಣ್ಣ ಓದಿದ. ಅವನ ಮುಖ ಅರಳಿತು. ಅಂಗಿ ಜೇಬಿನಿಂದ ಅಂಥದ್ದೇ ಒಂದು ಕಾಗದ ತೆಗೆದ. ಅದೇ ಸೀಲು, ಅದೇ ಸಹಿ.

"ನಂಗೂ ಒಂದು ಕೊಟ್ಟವ್ರೆ ಕಲ್ಲೇಶಣ್ಣ."

ನೀಲಾವತಿ ಅದನ್ನು ತೆಗೆದುಕೊಂಡು ಜೋರಾಗಿ ಓದಿದಳು. ಕಲ್ಲೇಶಪ್ಪನ ಗಡುವು ಮೀರಿದ ಸಾಲವನ್ನು ಜಾಮೀನುದಾರ ಕೆಂಪಣ್ಣನವರು ಬಡ್ಡಿ ಸಮೇತ ತೀರಿಸಿರುವುದರಿಂದ, ಕಲ್ಲೇಶಪ್ಪನ ನಾಲ್ಕೆಕರೆ ಕಾಫಿ ತೋಟದ ಮೇಲೆ ಸೊಸೈಟಿಗಿದ್ದ ಎಲ್ಲಾ ಹಕ್ಕುಗಳೂ ಅವರಿಗೆ ಸೇರತಕ್ಕದ್ದು.

ಕಲ್ಲೇಶಪ್ಪ ಅವಳ ಕೈಯಿಂದ ಕಾಗದ ಕಿತ್ತುಕೊಂಡು ತಾನೇ ಓದಿ ನೋಡಿದ. "ನೀನು... ನನ್ ಸಾಲ... ಯಾಕಯ್ಯಾ ಕಟ್ಟಿದೆ?"

"ನೀವು ಕಟ್ಲಿಲ್ಲ, ಅದ್ಕೆ. ನನ್ ಸಾಲಕ್ಕೆ ಮಾರ್ಚ್ ಕೊನೇವರ್ಗೂ ಟೈಮ್ ಇತ್ತು. ನಿಮ್ದು ಹೋದ ವರ್ಷವೇ ಮುಗ್ದಿತ್ತು. ಜಾಮೀನುದಾರನ ಹೆಸರೂ ಬೋರ್ಡಿಗೆ ಹಾಕ್ತೀವಿ ಅಂತ ನಂಗೆ ನೋಟೀಸು ಬಂತು. ಇವತ್ತೇ ಕೊನೆ ದಿನ. ಊರಲ್ಲಿ ಮರ್ಯಾದೆ ಪ್ರಶ್ನೆ ಅಲ್ವೇನಣ್ಣ? ನಿಮ್ಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ."

"ದುಡ್ಡೆಲ್ಲಿತ್ತು ನಿನ್ ಹತ್ರ?"

"ನೀವೇ ಕೊಟ್ರಲ್ಲ ಸೋಮವಾರ! ಬಡ್ಡಿ ಇಪ್ಪತ್ತಾರು ಸಾವಿರ ಮಾತ್ರ ಕೈಯಿಂದ ಹಾಕ್ದೆ."

ಅಶ್ವಥ್ ಗೋಡೆ ಕಡೆ ತಿರುಗಿ ನಗತೊಡಗಿದ. ಸಿದ್ದಮ್ಮ ಯಾವ ಸಂಕೋಚವೂ ಇಲ್ಲದೆ ಎದುರಿಗೇ ನಕ್ಕಳು. ನೀಲಾವತಿ ಲೆಕ್ಕ ಹಾಕಿದಳು. "ಸಾರ್, ನೀವು ಆರು ಕೊಟ್ಟಿದ್ದು ನಿಜ. ಆದ್ರೆ ಇವರಿಗೆ ಮೂರು ಇಪ್ಪತ್ತಾರು ನೀವು ಕೊಡ್ಬೇಕು. ಅದನ್ನ ಈಗ ಕೊಟ್ರೆ ರಿಜಿಸ್ಟ್ರೇಷನ್ ಮಾಡಿಸ್ತೀನಿ."

ಕಲ್ಲೇಶಪ್ಪನ ಬ್ಯಾಂಕ್ ಖಾತೆ ಬರಿದಾಗಿತ್ತು, ಜೇಬಿನಲ್ಲಿ ಊಟದ ಬಿಲ್ಲು ಕಳೆದು ನೂರಾ ನಲವತ್ತು ರೂಪಾಯಿ ಇತ್ತು.

"ಪರ್ವಾಗಿಲ್ಲ ಬಿಡಿ ಅಣ್ಣ" ಎಂದ ಕೆಂಪಣ್ಣ. "ನನ್ ಸಾಲ ನೀವು ತೀರ್ಸಿದ್ರಿ, ನಿಮ್ ಸಾಲ ನಾನು ತೀರ್ಸಿದೆ. ಮುಂದಿನ ಫಸಲಿಗೆ ನೋಡೋಣ. ಅಲ್ಲೀವರ್ಗೂ ಕೆರೆ ಎಲ್ಲಿಗೆ ಹೋಗ್ತದೆ?"

ಐದು ಗಂಟೆ ಹೊತ್ತಿಗೆ ಕಲ್ಲೇಶಪ್ಪ ಮನೆಗೆ ಬಂದಾಗ ಬೇಲಿಯಾಚೆ ಪಂಪಿನ ಸದ್ದು ಕೇಳಿಸುತ್ತಿತ್ತು. ಅವನ ತೋಟದೊಳಗೆ ಆಗಲೇ ನೀರು ಚಿಮ್ಮುತ್ತಿತ್ತು. ಕೇಳುವ ಮೊದಲೇ ನೀರು ಬಂದದ್ದು ಹದಿನಾರು ವರ್ಷದಲ್ಲಿ ಇದೇ ಮೊದಲು. ಮೊಗ್ಗು ಉಳಿಯಿತಲ್ಲ ಎಂದು ಅವನ ಎದೆ ಒಂದು ಕ್ಷಣ ತುಂಬಿ ಬಂತು. ಒಳಗೆ ಹೋಗಿ ನೋಡಿದರೆ ಕೆಂಪಣ್ಣ ತೋಟದ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಕೈಯಲ್ಲಿ ಸುಮಿತ್ರಮ್ಮ ಕೊಟ್ಟ ಕಾಫಿ. ಪಕ್ಕದಲ್ಲಿ ಅಶ್ವಥ್ ನಿಂತು, ಕಲ್ಲೇಶಪ್ಪನ ಮೆಣಸಿನ ಬಳ್ಳಿ ತೋರಿಸಿ ಕೆಂಪಣ್ಣನ ಹತ್ತಿರ ರೇಟು ಕೇಳುತ್ತಿದ್ದ.

"ಬನ್ನಿ ಕಲ್ಲೇಶಣ್ಣ" ಎಂದು ಕೆಂಪಣ್ಣ ಕರೆದ. "ಇಷ್ಟು ದಿನ ಬಾಯಲ್ಲಿ ಹೇಳಿ ಸುಮ್ನಾಗ್ತಿದ್ದೆ. ಈಗ ಹಂಗಾಗಲ್ಲ ನೋಡಿ, ಹೂವು ಒಣಗಿದ್ರೆ ನನ್ ಬೋಜಾಕ್ಕೇ ನಷ್ಟ. ದಿನಾ ಬೆಳಿಗ್ಗೆ ಏಳಕ್ಕೆ ಬರ್ತೀನಿ. ನಾಳೆ ನೆರಳು ತೆಗ್ಸೋಣ, ನಾಡಿದ್ದು ಚಿಗುರು. ಅಕ್ಕಂಗೂ ಹೇಳಿದ್ದೀನಿ, ಅವ್ರು ಒಪ್ಪವ್ರೆ."

ಸುಮಿತ್ರಮ್ಮ ಗಂಡನ ಹರಿದ ಪಂಚೆಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿದಳು. "ಒಂದ್ ಲೆಕ್ಕದಲ್ಲಿ ನೀವ್ ಹೇಳಿದ್ದೇ ಆಯ್ತಲ್ರೀ. ನೀವು ಕಟ್ಲಿಲ್ಲ, ಆದ್ರೂ ಸೊಸೈಟಿ ಸಾಲ ಹೋಯ್ತು."

ಕಲ್ಲೇಶಪ್ಪ ಕಿಕ್ ಹೊಡೆಯೋಣವೆಂದರೆ ಸ್ಕೂಟರು ಅಂಗಳದಲ್ಲಿತ್ತು.

"ಅಣ್ಣಾ, ನಿಂತ್ಕೊಂಡೇ ಇದ್ರೆ ಹೆಂಗೆ?" ಎಂದ ಕೆಂಪಣ್ಣ, ಕಾಫಿ ಒಂದು ಗುಟುಕು ಹೀರಿ. "ಆ ಮೂಲೇಲಿ ಗಿಡಕ್ಕೆ ನೀರು ಬೀಳ್ತಿಲ್ಲ. ಹೋಗಿ ಸ್ಪ್ರಿಂಕ್ಲರ್ ಜೆಟ್ ಸ್ವಲ್ಪ ಆ ಕಡೆ ತಿರುಗ್ಸಿ."

ಕಲ್ಲೇಶಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಹೋಗಿ ತಿರುಗಿಸಿದ.