ನಮ್ಮವರು ಹುಳಿ ಒಗೆದದ್ದು

ಊಟದ ಬಗ್ಗೆ ಉಪನ್ಯಾಸ ಕೇಳಿ ಬಂದ ಗಂಡಸಿನಷ್ಟು ಕೆಲಸಕ್ಕೆ ಬಾರದ ಪ್ರಾಣಿ ಈ ಭೂಮಿಯ ಮೇಲೆ ಇನ್ನೊಂದಿಲ್ಲ. ಕೇಳದ ಗಂಡಸು ಪರವಾಗಿಲ್ಲ. ಹಸಿವಾದಾಗ ಬಂದು ಕೂಡುತ್ತಾನೆ, ಹಾಕಿದ್ದನ್ನು ಉಣ್ಣುತ್ತಾನೆ, ಉಪ್ಪು ಕಡಿಮೆಯಾಗಿದ್ದರೆ ಮುಖ ಸಿಂಡರಿಸುತ್ತಾನೆ, ಕೈ ತೊಳೆದು ಎದ್ದು ಹೋಗುತ್ತಾನೆ. ಅವನಿಂದ ಅಡಿಗೆಮನೆಗೆ ಅಪಾಯವಿಲ್ಲ. ಕೇಳಿ ಬಂದವನು ಹಾಗಲ್ಲ. ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕುದಿಯುವ ಗಡಿಗೆಯೊಳಗೆ ಇಣುಕಿ, "ಅಯ್ಯಯ್ಯ, ಸತ್ವ ಎಲ್ಲಾ ಹೊಂಟ್ಹೋಗಾಕತ್ತದಲ್ಲ!" ಎಂದು ಹಣೆ ಬಡಿದುಕೊಳ್ಳುತ್ತಾನೆ. ಹೋಗುತ್ತಿರುವ ಸತ್ವ ಅವನಿಗೆ ಕಾಣುತ್ತದೆ. ಒಲೆಯ ಹೊಗೆಗೆ ಹೆಂಡತಿಯ ಕಣ್ಣಲ್ಲಿ ಬರುತ್ತಿರುವ ನೀರು ಕಾಣುವುದಿಲ್ಲ. ನನ್ನ ಪಾಲಿಗೆ ಬಂದವರು ಈ ಎರಡನೆಯ ಜಾತಿಯವರು.

ಆಗ ನಾವು ಹುಮನಾಬಾದಿನಲ್ಲಿದ್ದೆವು. ನಿಜಾಮರ ಕಾಲ, ಹೊರಗೆ ಎಲ್ಲೋ ದೊಡ್ಡ ಲಡಾಯಿ ನಡೆದಿತ್ತು. ನಮ್ಮವರಿಗೆ ಕಚೇರಿಯಲ್ಲಿ ಉರ್ದು ಕಾಗದಗಳ ನಕಲು ಮಾಡುವ ಕೆಲಸ. ಒಬ್ಬರು ಬರೆದದ್ದನ್ನು ಹಾಗೇ ಇಳಿಸಿಕೊಳ್ಳುವುದು ಅವರ ಹೊಟ್ಟೆಪಾಡು; ಅದೇ ಅಭ್ಯಾಸ ಸಂಜೆಯೂ ಬಿಡಲಿಲ್ಲವೇನೋ. ಸೊಲ್ಲಾಪುರದ ಕಡೆಯಿಂದ ಒಬ್ಬ ಮಹಾಶಯ ಬಂದು ಗುಡಿಯ ಅಂಗಳದಲ್ಲಿ ಮೂರು ಸಂಜೆ ಸರಳ ಆಹಾರದ ಮೇಲೆ ಮಾತಾಡಿದ. ಎಣ್ಣೆ ವಿಷ, ಖಾರ ವಿಷ, ಉಪ್ಪು ಮಹಾವಿಷ. ಮನುಷ್ಯ ಬದುಕಬೇಕಾದರೆ ತಾನೇ ಕಿತ್ತು ತಂದ ಸೊಪ್ಪನ್ನು ಬರೀ ನೀರಿನಲ್ಲಿ ಬೇಯಿಸಿ ತಿನ್ನಬೇಕು ಎಂದನಂತೆ. ಆ ಮಹಾಶಯ ಇಳಿದುಕೊಂಡಿದ್ದ ಸಾಹುಕಾರರ ಮನೆಯಲ್ಲಿ ಮೂರೂ ದಿನ ಪೂರಿ ಶ್ರೀಖಂಡ ಆಗಿತ್ತೆಂದು ಆ ಮನೆಯವರೇ ಬಾವಿಯ ಹತ್ತಿರ ನನಗೆ ಹೇಳಿದರು. ನಾನು ಅದನ್ನು ನಮ್ಮವರಿಗೆ ಹೇಳಿದೆ. "ದೊಡ್ಡವರ ಮಾತು ಹಿಡೀಬೇಕು, ಅವರ ತಾಟಿನ್ಯಾಗ ಇಣಿಕಿ ನೋಡಬಾರದು," ಎಂದರು.

ಇರಲಿ, ಸೊಪ್ಪು ತಿನ್ನಲು ಇವರು ನಮಗೆ ಕಲಿಸಬೇಕೇ? ನಮ್ಮ ಕಡೆ ಕಳೆ ತೆಗೆಯಲು ಹೋದ ಹೆಂಗಸರು ಸಂಜೆ ಆ ಕಳೆಯನ್ನೇ ಉಡಿಯಲ್ಲಿ ಕಟ್ಟಿಕೊಂಡು ಬರುತ್ತಾರೆ. ಹಕ್ಕರಕಿ ಸೊಪ್ಪನ್ನು ಹಸಿಯಾಗಿಯೇ ರೊಟ್ಟಿಯ ಜೊತೆ ಕಚ್ಚುತ್ತಾರೆ, ಗೋಳಿ ಪಲ್ಯಕ್ಕೆ ಬೇಳೆ ಹಾಕುತ್ತಾರೆ, ಪುಂಡಿಪಲ್ಯಕ್ಕೆ ಜೋಳದ ನುಚ್ಚು ಹಾಕಿ ಬೆಳ್ಳುಳ್ಳಿಯ ಒಗ್ಗರಣೆ ಕೊಡುತ್ತಾರೆ. ನಾನು ಅದನ್ನೇ ಉಂಡು ಬೆಳೆದವಳು. ಮದುವೆಯಾದ ಹೊಸತರಲ್ಲಿ ಇದೇ ಪುಂಡಿಪಲ್ಯವನ್ನು ತಾಟಿನ ಅಂಚಿಗೆ ಸರಿಸಿ, "ಇದೇನು ದನಾ ತಿನ್ನೋದು ಹಾಕೀದಿ?" ಎಂದವರು ನಮ್ಮವರೇ. ಯಾರೋ ಸಾಹೇಬರ ಮನೆಯಲ್ಲಿ ಎಣ್ಣೆ ತೇಲುವ ಬಗಾರ ಬದನೆಕಾಯಿ ಉಂಡು ಬಂದು ವಾರಗಟ್ಟಲೆ ಅದರ ಗುಣಗಾನ ಮಾಡಿದ್ದರು. ಈಗ ಅವರೇ ನನಗೆ ಸೊಪ್ಪಿನ ಮಹಿಮೆ ಬೋಧಿಸತೊಡಗಿದರು. ನನ್ನ ಮೈ ಉರಿಯದೆ ಇನ್ನೇನಾಗಬೇಕು?

ಬೋಧಿಸಿ ಸುಮ್ಮನಾಗಿದ್ದರೆ ಉಳಿದೆ ಎನ್ನಬಹುದಿತ್ತು. ತಾವೇ ಕಿತ್ತು ತರಬೇಕಲ್ಲ! ಬೆಳಗಾದರೆ ತಲೆಯ ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಕಚೇರಿಯ ಹಿಂದಿನ ಬಯಲಿಗೆ ಹೊರಡುವರು. ಹಸಿರಾಗಿದ್ದದ್ದೆಲ್ಲ ಅವರ ಪಾಲಿಗೆ ಆಹಾರ. ಒಂದು ದಿನ ಮೊಣಕೈತನಕ ತುರಿಸಿಕೊಳ್ಳುತ್ತ ಬಂದರು. ಅದು ತುರಿಕೆ ಗಿಡ. ಇನ್ನೊಂದು ದಿನ ಏನೋ ಅಗಲ ಎಲೆ ತಂದರು. ನನಗೆ ಸಂಶಯ ಬಂದು ಪಕ್ಕದ ಮನೆಯ ಎಮ್ಮೆಯ ಮುಂದೆ ಹಿಡಿದೆ. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು.

"ಎಮ್ಮಿ ಒಲ್ಲೆ ಅಂತದ್ರೀ," ಎಂದೆ.

"ಎಮ್ಮಿಗೇನ್ ತಿಳೀತದ? ಅದೇನು ಉಪನ್ಯಾಸ ಕೇಳಾಕ ಬಂದಿತ್ತೇನು?" ಎಂದರು. ಆ ಎಮ್ಮೆಯ ಪುಣ್ಯ ನನಗಿರಲಿಲ್ಲ ಎಂದುಕೊಂಡು ಒಳಗೆ ಬಂದೆ. ಅಂತೂ ಅವರಿಗೊಂದು ಗಡಿಗೆಯಲ್ಲಿ ಉಪ್ಪು ಖಾರ ಎಣ್ಣೆ ಇಲ್ಲದ ಹಸಿರು ನೀರು. ನನಗೆ ರೊಟ್ಟಿ, ಮೆಣಸಿನಕಾಯಿ ಹಿಂಡಿ. ನಾನು ಬಾಗಿಲ ಮರೆಯಲ್ಲಿ ಕೂತು ಉಣ್ಣುತ್ತಿದ್ದೆ. ಹಿಂಡಿ ಕುಟ್ಟುವಾಗ ಬೆಳ್ಳುಳ್ಳಿಯ ವಾಸನೆಗೆ ಅವರ ಮಾತು ನಡುವೆ ನಿಲ್ಲುತ್ತಿತ್ತು, ಆದರೆ ಮನುಷ್ಯ ಜಿದ್ದಿಗೆ ಬಿದ್ದಿದ್ದ. ಬೀಳಲಿ ಎಂದು ನಾನೂ ಬಿಟ್ಟೆ.

ಹೀಗಿರುವಾಗ ಎಳ್ಳಮಾಸೆ ಬಂತು. ನನ್ನ ತವರು ಕಲ್ಯಾಣಿ. ಈಗ ಬಸವಕಲ್ಯಾಣ ಎನ್ನುತ್ತಾರಲ್ಲ, ಅದೇ ಊರು. ಎಳ್ಳಮಾಸೆಗೆ ಅಣ್ಣನ ಹೊಲದಲ್ಲಿ ಇಡೀ ಬಳಗ ಸೇರಿ ಭಜ್ಜಿ ಉಣ್ಣುವುದು ನಮ್ಮಲ್ಲಿ ವಾಡಿಕೆ. ಮೈಸೂರು ಕಡೆಯವರು ಭಜ್ಜಿ ಎಂದ ಕೂಡಲೇ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಎಂದುಕೊಳ್ಳುತ್ತಾರೆ, ಅವರಿಗೆ ಅಷ್ಟೇ ಗೊತ್ತು. ನಮ್ಮ ಭಜ್ಜಿ ಎಂದರೆ ಆ ಹೊತ್ತಿಗೆ ಹೊಲದಲ್ಲಿ, ಬದುವಿನಲ್ಲಿ, ಹಿತ್ತಲಲ್ಲಿ ಏನೇನು ಹಸಿರಿದೆಯೋ ಅದೆಲ್ಲ: ಮೆಂತ್ಯ, ಕಡಲೆಯ ಕುಡಿ, ಉಳ್ಳಾಗಡ್ಡಿ ತಪ್ಪಲು, ಹಸಿ ತೊಗರಿ, ಅವರೆ, ಬದನೆಕಾಯಿ, ಗಜ್ಜರಿ, ಬಾರಿಕಾಯಿ ಎನ್ನುವ ಬೋರೆಕಾಯಿ ಕೂಡ. ಎಲ್ಲ ಒಟ್ಟಿಗೆ ಬೇಯಿಸಿ, ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಜಜ್ಜಿ ಹಾಕಿ, ಕಡಲೆಹಿಟ್ಟು ಕಲಸಿ ಬಿಟ್ಟು, ಹುಳಿ ಬೆರೆಸಬೇಕು. ಸಜ್ಜೆ ರೊಟ್ಟಿಯ ಜೊತೆ ಉಂಡರೆ ಎದ್ದು ನಡೆಯಲು ಮನಸ್ಸಾಗುವುದಿಲ್ಲ.

ಆ ವರ್ಷ ಇನ್ನೊಂದು ಮಾತಿತ್ತು. ಅವ್ವನ ಹತ್ತಿರ ಕಲಾಯಿ ಹಾಕಿದ ಒಂದು ತಾಮ್ರದ ಬೋಗೋಣಿ ಇತ್ತು, ಅವಳ ಅವ್ವ ಕೊಟ್ಟದ್ದು. ನನಗೆ ತಿಳಿವಳಿಕೆ ಬಂದಾಗಿನಿಂದ ಎಳ್ಳಮಾಸೆಯ ಭಜ್ಜಿ ಅದರಲ್ಲೇ ಕುದಿದಿದೆ. ಅವ್ವನಿಗೆ ಕೈ ಸೋತಿತ್ತು. ದೀಪಾವಳಿಗೆ ಹೋದಾಗಲೇ ನನ್ನನ್ನೂ ವೈನಿಯನ್ನೂ ಎದುರಿಗೆ ಕೂಡಿಸಿ, "ನನ್ ಕೈಲೆ ಇನ್ನ ಆಗಂಗಿಲ್ರವ್ವಾ. ಈ ಸಲ ಇಬ್ಬರೂ ಬ್ಯಾರೆ ಬ್ಯಾರೆ ಭಜ್ಜಿ ಮಾಡ್ರಿ. ಯಾರದು ಮೊದಲ ಖಾಲಿ ಆಗತದ, ಬೋಗೋಣಿ ಅವರದು," ಎಂದಿದ್ದಳು. ವೈನಿ ಎಂದರೆ ಅಣ್ಣನ ಹೆಂಡತಿ. ಮಾತು ಬೆಲ್ಲ, ಕೈ ಚುರುಕು, ಆದರೆ ಭಜ್ಜಿಗೆ ಹುಣಸೆಹಣ್ಣು ಹಾಕುವವಳು. ಹುಣಸೆಹಣ್ಣು ಕಿವುಚಿ ಹಾಕಿ ಹುಳಿ ಬರಿಸುವುದು ಯಾವ ದೊಡ್ಡ ವಿದ್ಯೆ? ಅವಳ ಪಾಲಿಗೆ ಆ ಬೋಗೋಣಿ ಹೋದರೆ ಅವ್ವನ ಮನೆಯಲ್ಲಿ ನನ್ನದು ಎಂಬುದು ಏನೂ ಉಳಿಯುವುದಿಲ್ಲ ಎಂದು ನನಗೆ ಅನಿಸಿಬಿಟ್ಟಿತ್ತು. ನನಗೆ ಅದು ಬೇಕೇಬೇಕಿತ್ತು; ದೀಪಾವಳಿಯಿಂದ ನಮ್ಮವರ ಮುಂದೆ ಇದೇ ಹಾಡು ಹಾಡುತ್ತಿದ್ದೆ.

ನಮ್ಮ ಮನೆಯ ಹಳೆಯ ಭಜ್ಜಿಗೆ ಹುಳಿ ಬರುವುದು ಅರಿವೆಯಿಂದ. ಚಳಿಗಾಲದಲ್ಲಿ ಕಡಲೆ ಗಿಡದ ಎಲೆಯ ಮೇಲೆ ಒಂದು ಹುಳಿ ಕೂಡುತ್ತದೆ. ನಸುಕಿನಲ್ಲಿ ಇಬ್ಬನಿ ಇರುವಾಗಲೇ ಬಿಳಿ ಅರಿವೆಯನ್ನು ಗಿಡಗಳ ಮೇಲೆ ಎಳೆದುಕೊಂಡು ಹೋದರೆ ಅದೆಲ್ಲ ಅರಿವೆಗೆ ಇಳಿಯುತ್ತದೆ. ಒಣಗಿಸಿ ಮರುದಿನ ಮತ್ತೆ ಎಳೆಯಬೇಕು. ಹೀಗೆ ಹಲವು ನಸುಕು ಎಳೆದರೆ ಅರಿವೆ ಹಳದಿಯಾಗಿ, ಸೆಟೆದು, ಒಂದು ಥರ ವಾಸನೆ ಹಿಡಿಯುತ್ತದೆ. ಅದನ್ನು ಒಂದಿಷ್ಟು ನೀರಲ್ಲಿ ನೆನೆಸಿ ಹಿಂಡಿದರೆ ಬರುವ ಹುಳಿಯ ಮುಂದೆ ಹುಣಸೆಹಣ್ಣು ಯಾವ ಲೆಕ್ಕ? ಅವ್ವ ಸೋತ ಕೈಯಲ್ಲೇ ಇಂಥದೊಂದು ಹುಳಿ ಅರಿವೆ ನನಗಾಗಿ ಮಾಡಿ ಇಟ್ಟಿದ್ದಳು. ಹಬ್ಬದ ಹಿಂದಿನ ಸಂಜೆ ನಾವು ಬಂಡಿಯಲ್ಲಿ ಹೋಗಿ ಇಳಿದಾಗ ಅದು ಬಾವಿಯ ಹತ್ತಿರ ಹಗ್ಗದ ಮೇಲೆ ತೂಗಾಡುತ್ತಿತ್ತು. ನಾನು ಮೂಸಿ ನೋಡಿ, ಬೋಗೋಣಿ ನನ್ನದೇ ಎಂದುಕೊಂಡು ಮಲಗಿದೆ.

ನಮ್ಮವರ ಹೊಸ ನೇಮಗಳಲ್ಲಿ ತಣ್ಣೀರು ಸ್ನಾನವೂ ಒಂದು. ಅಮಾಸೆಯ ದಿನ ಎಲ್ಲರಿಗಿಂತ ಮೊದಲು ಎದ್ದು ಬಾವಿಗೆ ಹೋದರು. ಹೊತ್ತು ಏರಿ, ನಾನು ಕಾಯಿಪಲ್ಲೆ ಹೆಚ್ಚುತ್ತ ಕೂತಿದ್ದಾಗ ನಡುಮನೆಗೆ ಬಂದು, ಎರಡೂ ಕೈಯಲ್ಲಿ ಒಂದು ಅರಿವೆ ಹಿಡಿದು ಬಿಡಿಸಿ ತೋರಿಸಿದರು. "ನೋಡು, ಹ್ಯಾಂಗ ಹಾಲಿನಂಗ ಆಗ್ಯದ! ಎಷ್ಟ ಹೊಲಸ ಹಿಡದಿತ್ತು ಅಂದ್ರ, ಅಂಟವಾಳಕಾಯಿ ಹಚ್ಚಿ ಮೂರ್ ಸಲ ಕಲ್ಲಿಗೆ ಬಡದೀನಿ. ನಿಮ್ಮ ಮನ್ಯಾಗ ಸ್ವಚ್ಛ ಅನ್ನೋದ ಯಾರಿಗೂ ಬ್ಯಾಡೇನು?"

ಅವ್ವ ಬಾಯಿಗೆ ಕೈ ಹಚ್ಚಿಕೊಂಡಳು. ವೈನಿ ಸೆರಗಿನೊಳಗೆ ನಕ್ಕದ್ದು ನನಗೆ ಕೇಳಿಸಿತು. ನನಗೆ ಮುಂದಿದ್ದ ಈಳಿಗೆಮಣೆ ಎತ್ತಿ ಒಗೆಯಬೇಕು ಎನಿಸಿತು.

"ಅದು ಹುಳಿ ಅರಿವಿರೀ! ನನ್ನ ಭಜ್ಜಿ ಹುಳಿ ಒಗದು ಬಾವಿ ಮೋರಿಗೆ ಚೆಲ್ಲಿ ಬಂದೀರಿ!"

ಸಂಗತಿ ತಲೆಗೆ ಹೋಗಲು ಅವರಿಗೆ ಹೊತ್ತು ಹಿಡಿಯಿತು. ಹೋದ ಮೇಲೆ ಮುಖ ಬಿಳಿಚಿಕೊಂಡಿತು. "ಮೊದಲ ಹೇಳಬಾರದೇನು?" ಎಂದರು ಸಣ್ಣ ದನಿಯಲ್ಲಿ.

"ಹೇಳಿದ್ರ ನೀವು ಎಂದಾದ್ರೂ ಕೇಳೀರೇನು? ಉಪನ್ಯಾಸ ಅಂದ್ರ ಕೇಳ್ತೀರಿ, ಹೇಣ್ತಿ ಮಾತಂದ್ರ ಕಿವಿ ಮುಚ್ಚತದ!"

ಇಬ್ಬನಿ ಆರಿಹೋಗಿತ್ತು, ಇನ್ನೊಂದು ಅರಿವೆ ಎಳೆಯುವ ಮಾತೇ ಇರಲಿಲ್ಲ. ವೈನಿ ಬಂದು ಬಗ್ಗಿ, "ಹುಣಸಿಹಣ್ಣ ಕೊಡ್ಲೇನ್ರಿ ಶಾಂತಾಬಾಯಿ? ನಮ್ಮಲ್ಲಿ ಬೇಕಾದಷ್ಟದ," ಎಂದಳು. ಕೊಡುವವರ ದನಿಯೇ ಬೇರೆ ಇರುತ್ತದೆ, ಇದು ಆ ದನಿಯಲ್ಲ. "ಬ್ಯಾಡ ವೈನಿ, ನನ್ನ ಭಜ್ಜಿಗೆ ಹುಣಸಿಹಣ್ಣ ಹತ್ತಂಗಿಲ್ಲ," ಎಂದು ಬಿಗುಮಾನದಿಂದ ಹೇಳಿ, ಹುಳಿ ಇಲ್ಲದ ಭಜ್ಜಿ ಇಳಿಸಿದೆ. ರುಚಿ ನೋಡಿದೆ. ಸಪ್ಪೆ ಹಿಟ್ಟಿನ ಗಂಜಿಯಲ್ಲಿ ತರಕಾರಿ ಬಿದ್ದಿತ್ತು, ಅಷ್ಟೇ.

ಹೊಲದಲ್ಲಿ ಅಣ್ಣ ಪೂಜೆ ಮುಗಿಸಿ, ಅಡಿಗೆಯನ್ನೆಲ್ಲ ಒಂದಿಷ್ಟಿಷ್ಟು ಕಲಸಿ ಬೆಳೆಯ ಸುತ್ತ ಚರಗ ಚೆಲ್ಲಲು ಹೊರಟ. ನಮ್ಮವರು ಅವನ ಕೈಯಿಂದ ಬುಟ್ಟಿ ಇಸಿದುಕೊಂಡು ನನ್ನ ಭಜ್ಜಿಯನ್ನೇ ಸೌಟುಗಟ್ಟಲೆ ಸುರುವಿಕೊಂಡರು. "ಭೂಮಿತಾಯಿಗೆ ಅಷ್ಟ್ಯಾಕ್ರೀ ಭಾವನೋರ?" ಎಂದು ಅಣ್ಣ ನಕ್ಕ. "ವರ್ಷಾದ್ದು ಹಬ್ಬ, ಉಣ್ಣಲಿ ಬಿಡ್ರಿ," ಎಂದು ಇವರು ಹೊಲದ ತುಂಬ ಚೆಲ್ಲುತ್ತ ನಡೆದರು. ನಾನು ಇದೂ ಒಂದು ಹುಚ್ಚು ಎಂದುಕೊಂಡೆ.

ಬೇವಿನ ಮರದ ಕೆಳಗೆ ಪಂಕ್ತಿ ಕೂತಿತು. ಎರಡೂ ಭಜ್ಜಿಯ ರುಚಿ ನೋಡಬೇಕೆಂಬ ಕಾರಣಕ್ಕೆ ನನ್ನದನ್ನು ಎಲ್ಲರೂ ಒಂದೊಂದು ಸೌಟು ಹಾಕಿಸಿಕೊಂಡರು. ಬಳಗದವರು ಒಳ್ಳೆಯವರು, ಯಾರೂ ಮುಖ ಸಿಂಡರಿಸಲಿಲ್ಲ. "ಛಲೋ ಅದ, ಛಲೋ ಅದ," ಎನ್ನುತ್ತ ಅಣ್ಣ ವೈನಿಯ ಕಡೆ ತಾಟು ಚಾಚಿದ. ಒಬ್ಬೊಬ್ಬರಾಗಿ ಎಲ್ಲ ತಾಟುಗಳೂ ಆ ಕಡೆ ತಿರುಗಿದವು. ನಾನು ಸೌಟು ಹಿಡಿದು ನಿಂತೇ ಇದ್ದೆ. ಅಳು ಬರುವ ಹಾಗಾಗಿತ್ತು.

"ಏ ಇಕಾ, ಇಲ್ಲಿ ಹಾಕು," ಎಂದರು ನಮ್ಮವರು.

ಹಾಕಿದೆ. ಉಂಡರು. "ಇನ್ನಷ್ಟ ಹಾಕು." ಹಾಕಿದೆ. ಬಾಯಿ ತುಂಬ ಇಟ್ಟುಕೊಂಡೇ ಪಂಕ್ತಿಗೆಲ್ಲ ಉಪದೇಶ ಸುರು ಮಾಡಿದರು: "ಇದು ನೋಡ್ರಿ ಖರೇ ರುಚಿ! ಹುಳಿ ಪಳಿ ಹಾಕಿ ತರಕಾರಿ ಸತ್ವ ಕೊಂದ ಹಾಕೂದಲ್ಲ!" ಮತ್ತೆ ತಾಟು ಚಾಚಿದರು. ವೈನಿಯ ಗಡಿಗೆಯಲ್ಲಿ ಇನ್ನೂ ಬೇಕಾದಷ್ಟಿತ್ತು; ಜನ ರುಚಿಗೆ ಸೋತು ಹರಟೆ ಹೊಡೆಯುತ್ತ, ನಿಧಾನವಾಗಿ ಚಪ್ಪರಿಸುತ್ತಿದ್ದರು. ಇವರು ಚಪ್ಪರಿಸಲಿಲ್ಲ, ನುಂಗಿದರು. ಹಣೆಯ ಮೇಲೆ ಬೆವರು, ಅಂಗಿಯ ಗುಂಡಿ ಬಿಚ್ಚಿದ್ದರು. ಕೊನೆಗೆ ನನ್ನ ಸೌಟು ತಳಕ್ಕೆ ಬಡಿದು ಟಣ್ ಎಂದಿತು.

ಅವ್ವ ತಿರುಗಿ ನೋಡಿದಳು. "ಖಾಲಿ ಆತೇನು? ಆತು ಹಂಗಾರ. ಮಾತಂದ್ರ ಮಾತು, ಬೋಗೋಣಿ ಶಾಂತಾಂದು."

"ಅತ್ತೀ, ಅವರೊಬ್ಬರೇ ಉಂಡಾರಲ್ರೀ!" ವೈನಿ ಕೂಗಿಕೊಂಡಳು.

"ಎಷ್ಟ್ ಮಂದಿ ಉಣಬೇಕಂತ ನಾ ಎಲ್ಲಿ ಹೇಳೀನಿ?" ಎಂದು ಅವ್ವ ಎಲೆ ಅಡಿಕೆ ಚೀಲ ಬಿಚ್ಚಿದಳು.

ಸಂಜೆ ಬಂಡಿ ಹುಮನಾಬಾದಿನ ದಾರಿ ಹಿಡಿಯಿತು. ಬೋಗೋಣಿ ನನ್ನ ತೊಡೆಯ ಮೇಲೆ. ನಮ್ಮವರು ಹೊಟ್ಟೆ ಹಿಡಿದುಕೊಂಡು ಮಗ್ಗುಲಾಗಿ ಮಲಗಿದ್ದರು. ಇಷ್ಟು ದಿನ ಸೊಪ್ಪಿನ ನೀರು ಕುಡಿದ ಹೊಟ್ಟೆ, ಕಡಲೆಹಿಟ್ಟು ತಾಳೀತೇ? ಆಗಲಿ, ಇವರ ನಾಲಿಗೆ ಸತ್ತದ್ದರಿಂದ ನನಗೊಂದು ಬೋಗೋಣಿ ಸಿಕ್ಕಿತು, ಉಪನ್ಯಾಸದಿಂದ ಆದ ಲಾಭ ಇದೊಂದೇ ಎಂದು ಮನಸ್ಸಿನಲ್ಲೇ ಹೀಯಾಳಿಸುತ್ತ ಕೂತಿದ್ದೆ. ಊರು ಹಿಂದೆ ಸರಿದಿತ್ತು, ಬೆಳಕು ಇನ್ನೂ ಇತ್ತು. ಅವರು ಎದ್ದು ಕೂತು, ಬಂಡಿ ಹೊಡೆಯುವವನಿಗೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದರು:

"ನಿಮ್ ವೈನಿ ಭಜ್ಜಿ ಒಂದೀಟು ಕಟ್ಟಿಸ್ಕೊಂಡ ಬರಬೇಕಿತ್ತ ನೋಡು. ಪಂಕ್ತ್ಯಾಗ ವಾಸನಿ ಬಡದು ಜೀವ ಹೋಗಿತ್ತು."

ನಾನು ಅವರ ಮುಖ ನೋಡಿದೆ. "ಮತ್ತ ನನ್ನದು?"

"ನಿಂದು..." ಎಂದು ದೂರ ಹೊಲದ ಕಡೆ ನೋಡಿದರು. "ಎಮ್ಮಿ ಸುದ್ದಾ ಮುಟ್ಟತಿರಲಿಲ್ಲ."

ನಾನು ಬೋಗೋಣಿಯ ಮುಚ್ಚಳ ತೆಗೆದೆ. ಒಳಗೆ ಒಂದು ಡಬ್ಬಿ, ಮೇಲೆ ಸಜ್ಜೆ ರೊಟ್ಟಿ. ವೈನಿ ಕೈ ತೊಳೆಯಲು ಹೋದಾಗ ಅವಳ ಭಜ್ಜಿಯನ್ನು ನಾನೇ ತುಂಬಿಕೊಂಡಿದ್ದೆ. ಪಂಕ್ತಿಯಲ್ಲಿ ಬಿಗುಮಾನದಿಂದ ಅದನ್ನು ಮುಟ್ಟಿರಲಿಲ್ಲವಲ್ಲ.

"ಇದರಾಗ ಉಪ್ಪದರೀ, ಖಾರದ, ಎಣ್ಣಿ ಸುದ್ದಾ ಅದ," ಎಂದೆ.

"ಇರ್ಲಿ, ಹಾಕು," ಎಂದು ಅಂಗೈಯಲ್ಲೇ ರೊಟ್ಟಿ ಹಿಡಿದರು.

ಆ ಬೋಗೋಣಿ ಇವತ್ತಿಗೂ ನನ್ನ ಅಡಿಗೆಮನೆಯಲ್ಲಿದೆ. ಬಂದವರು ಕೇಳಿದರೆ, ನನ್ನ ಭಜ್ಜಿಗೆ ಮೆಚ್ಚಿ ಅವ್ವ ಕೊಟ್ಟದ್ದು ಎನ್ನುತ್ತೇನೆ. ನಮ್ಮವರು ಅಲ್ಲೇ ಕೂತು ಹೌದೌದು ಎಂದು ತಲೆಯಾಡಿಸುತ್ತಾರೆ. ಸುಳ್ಳಿಗೆ ಸಾಕ್ಷಿ ಹೇಳುವ ಗಂಡ ಎಲ್ಲರಿಗೂ ಸಿಗುವುದಿಲ್ಲ. ಮುಚ್ಚಳ ತೆಗೆಯಲು ಮಾತ್ರ ನಾನು ಯಾರಿಗೂ ಬಿಡುವುದಿಲ್ಲ. ವರ್ಷಕ್ಕಾಗುವಷ್ಟು ಹುಣಸೆಹಣ್ಣನ್ನು ಈಗ ಅದರಲ್ಲೇ ಇಡುತ್ತಿದ್ದೇನೆ.